ಹೆಲ್ಮೆಟ್ ಒಳಗೆ ಸರಿಯಾಗಿ ಕೂರುವ ಮಾಸ್ಕ್ ಹುಡುಕಿದ ಕಥೆ

ಧೂಳು, ಹೊಗೆಗೆ ಮಾಸ್ಕ್ ಕೊಳ್ಳಲು ಹೋಗುವಾಗ ಹೆಲ್ಮೆಟ್ಟನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಗಾಡಿ ಓಡಿಸುವವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಬರೀ ಮುಖಕ್ಕೆ ಚೆನ್ನಾಗಿ ಕೂತ ಮಾಸ್ಕು, ಹೆಲ್ಮೆಟ್ ಹಾಕಿದ ತಕ್ಷಣ ಮೂಗಿನ ಪಕ್ಕ ಬಾಯಿ ಬಿಟ್ಟುಕೊಂಡರೆ ಕೊಟ್ಟ ದುಡ್ಡು ದಂಡ.

ನಾನು ಬೆಂಗಳೂರಿನಲ್ಲಿ ವಾಟರ್ ಪ್ಯೂರಿಫೈಯರ್ ಸರ್ವಿಸ್ ಮಾಡುವವನು. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ., ಬೊಮ್ಮನಹಳ್ಳಿ, ಒಮ್ಮೊಮ್ಮೆ ಎಲೆಕ್ಟ್ರಾನಿಕ್ ಸಿಟಿ. ಬೆಳಗ್ಗೆ ಗಾಡಿ ಹತ್ತಿದರೆ ಸಂಜೆವರೆಗೂ ಅದೇ ಕೆಲಸ. ಮೆಟ್ರೋ ಕೆಲಸದ ಧೂಳು, ಎಂ-ಸ್ಯಾಂಡ್ ಚೆಲ್ಲಿಕೊಂಡು ಹೋಗುವ ಟಿಪ್ಪರ್, ಸಿಗ್ನಲ್‌ನಲ್ಲಿ ಮುಖಕ್ಕೇ ಹೊಗೆ ಬಿಡುವ ಹಳೇ ಡೀಸೆಲ್ ಗಾಡಿ, ಎಲ್ಲದರ ಪರಿಚಯವೂ ಇದೆ. ಗಂಟಲು ಕೆರೆತ ಮಳೆಗಾಲ ಬಿಟ್ಟು ಉಳಿದ ತಿಂಗಳೆಲ್ಲ ಇರುತ್ತಿತ್ತು.

"ಇದೇನು ದೆಹಲಿನಾ ಗುರೂ, ಅಷ್ಟೊಂದು ತಲೆ ಕೆಡಿಸಿಕೊಳ್ಳೋಕೆ?" ಎಂದು ಜೊತೆಯ ಹುಡುಗ ನಗುತ್ತಿದ್ದ. ಅವನ ಮಾತೂ ಪೂರ್ತಿ ಸುಳ್ಳಲ್ಲ. ಸರ್ಕಾರದ ಸಮೀರ್ ಆ್ಯಪ್ ತೆಗೆದರೆ ಬೆಂಗಳೂರಿನ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಎನ್ನುವ ನಂಬರು, ಎಷ್ಟೋ ದಿನ 100ರ ಒಳಗೇ ಇರುತ್ತದೆ. ಆದರೆ ಆ ನಂಬರು 24 ಗಂಟೆಯ ಸರಾಸರಿ. ರಾತ್ರಿ ರಸ್ತೆ ಖಾಲಿಯಿದ್ದಾಗಿನ ಗಾಳಿಯೂ ಅದರಲ್ಲಿ ಸೇರಿರುತ್ತದೆ. ನಾವು ಉಸಿರಾಡುವುದು ಮುಂದಿನ ಗಾಡಿಯ ಸೈಲೆನ್ಸರ್‌ನಿಂದ ನಾಲ್ಕು ಅಡಿ ಹಿಂದೆ, ಅದೂ ಪೀಕ್ ಅವರ್‌ನಲ್ಲಿ. ಇನ್ನೊಂದು ವಿಷಯ. ಪಿಎಂ 2.5 ಎನ್ನುವ ಸಣ್ಣ ಕಣಗಳಿಗೆ ನಮ್ಮ ದೇಶದ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಆ್ಯಪ್ ಹಸಿರು ತೋರಿಸಿತು ಅಂತ ನಿಶ್ಚಿಂತೆಯಾಗಿರುವ ಹಾಗಿಲ್ಲ, ಅಲ್ವಾ?

ಮೊದಲು ಎಲ್ಲರ ಹಾಗೆ ಕರ್ಚೀಫು. ಅದು ಕಣ್ಣಿಗೆ ಕಾಣುವ ಮಣ್ಣನ್ನು ತಡೆಯುತ್ತದೆ, ಅಷ್ಟೇ. ಪಿಎಂ 2.5 ಕಣ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದು, ಅಂದರೆ ಕೂದಲಿನ ದಪ್ಪದಲ್ಲಿ ಇಪ್ಪತ್ತರಲ್ಲಿ ಒಂದು ಭಾಗಕ್ಕೂ ಕಡಿಮೆ. ಬಟ್ಟೆಯ ನೇಯ್ಗೆಯ ಸಂದು ಅದಕ್ಕೆ ಹೆದ್ದಾರಿ. ಆಮೇಲೆ ಮೂರು ಪದರದ ಸರ್ಜಿಕಲ್ ಮಾಸ್ಕ್. ಅದರ ಮಧ್ಯದ ಪದರ ಕೆಟ್ಟದ್ದೇನಲ್ಲ, ಆದರೆ ಕೆನ್ನೆಯ ಎರಡೂ ಕಡೆ ಬೆರಳು ತೂರುವಷ್ಟು ಜಾಗ. ಗಾಡಿ ಸ್ವಲ್ಪ ವೇಗ ಹಿಡಿದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ.

ನನ್ನ ಕೆಲಸದ ಬುದ್ಧಿ ಓಡಿದ್ದು ಇಲ್ಲೇ. ಪ್ಯೂರಿಫೈಯರ್‌ಗೆ ಎಷ್ಟೇ ಒಳ್ಳೆ ಮೆಂಬ್ರೇನ್ (ನೀರು ಸೋಸುವ ಪೊರೆ) ಹಾಕಿ, ಸಂದು ಮುಚ್ಚುವ ರಬ್ಬರ್ ಓ-ರಿಂಗ್ ಸರಿಯಾಗಿ ಕೂರದಿದ್ದರೆ ಬೋರ್‌ವೆಲ್ ನೀರು ಪಕ್ಕದಿಂದ ನುಸುಳಿ ಒಳ್ಳೆ ನೀರಿಗೆ ಸೇರಿಕೊಳ್ಳುತ್ತದೆ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಗುಟ್ಟು ರಟ್ಟು. ಮಾಸ್ಕಿನದೂ ಅದೇ ಕಥೆ. ಎನ್95 ಅಂದರೆ 0.3 ಮೈಕ್ರಾನ್ ಆಸುಪಾಸಿನ ಕಣಗಳಲ್ಲಿ 100ಕ್ಕೆ 95ನ್ನಾದರೂ ಹಿಡಿಯಬೇಕು ಎಂಬ ಅಮೆರಿಕದ ಅಳತೆ. ಆ 95 ಬಟ್ಟೆಯ ಮೂಲಕ ಹೋಗುವ ಗಾಳಿಯ ಲೆಕ್ಕ. ಅಂಚಿನಿಂದ ನುಸುಳುವ ಗಾಳಿಗೆ ಯಾವ ಲೆಕ್ಕವೂ ಇಲ್ಲ.

ಹಾಗಾಗಿ ಡಬ್ಬದ ಮೇಲಿನ ನಂಬರು ನೋಡುವುದನ್ನು ಬಿಟ್ಟು ಅಂಚು ನೋಡಲು ಶುರು ಮಾಡಿದೆ.

ಮೆಡಿಕಲ್ ಶಾಪ್‌ನಲ್ಲಿ ಸಿಗುವುದು ಹೆಚ್ಚಾಗಿ ಕಿವಿಗೆ ಸಿಕ್ಕಿಸುವ ಥರದ್ದು. "ಸರ್, ಇದು ಎನ್95ಏ, ನೋಡಿ ಬರೆದಿದೆ" ಅನ್ನುತ್ತಾರೆ. ಬರೆಯಲು ಏನು, ಶಾಯಿ ಇದ್ದರೆ ಸಾಕು. ಅಮೆರಿಕದ ನಿಯಾಷ್ ಸಂಸ್ಥೆ ಒಪ್ಪಿದ ಎನ್95ಗಳಲ್ಲಿ ಸಾಮಾನ್ಯವಾಗಿ ಕಿವಿಯ ದಾರ ಇರುವುದಿಲ್ಲ, ತಲೆಯ ಹಿಂದೆ ಹೋಗುವ ಎರಡು ಪಟ್ಟಿ ಇರುತ್ತವೆ. ಜೊತೆಗೆ ಟಿಸಿ-84ಎ ಎಂದು ಶುರುವಾಗುವ ನಂಬರು. ನಮ್ಮಲ್ಲಿಯ ಗುಣಮಟ್ಟ ಐಎಸ್ 9473. ಅದರಲ್ಲಿ ಎಫ್‌ಎಫ್‌ಪಿ2 ಅಂದರೆ ಶೇ. 94ರಷ್ಟು ಹಿಡಿಯುವಂಥದ್ದು, ಎನ್95ಗೆ ಹತ್ತಿರ ಹತ್ತಿರ ಸಮ. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂಬ ಲೈಸೆನ್ಸ್ ನಂಬರು ಇರುತ್ತದೆ. ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರು ಹಾಕಿದರೆ ಲೈಸೆನ್ಸ್ ಯಾರದ್ದು, ಈಗಲೂ ಚಾಲ್ತಿಯಲ್ಲಿದೆಯಾ ಅಂತ ಅಂಗಡಿ ಮುಂದೆ ನಿಂತುಕೊಂಡೇ ನೋಡಬಹುದು. ನಾನು ನೋಡುತ್ತೇನೆ. ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಇರಲಿ.

ಕಿವಿಯ ದಾರಕ್ಕೆ ಇನ್ನೊಂದು ತಕರಾರು ಹೆಲ್ಮೆಟ್ಟಿನದು. ನಾನು ಮನೆ ಮನೆಗೆ ಹೋಗುವವನು, ದಿನಕ್ಕೆ ಎಷ್ಟು ಸಲ ಹೆಲ್ಮೆಟ್ ತೆಗೆದು ಹಾಕುತ್ತೇನೋ ಲೆಕ್ಕವಿಲ್ಲ. ಒಂದೊಂದು ಸಲವೂ ಹೆಲ್ಮೆಟ್ ಒಳಗಿನ ಸ್ಪಂಜು ದಾರವನ್ನು ಎಳೆಯುತ್ತದೆ. ಸಂಜೆ ಹೊತ್ತಿಗೆ ಕಿವಿಯ ಹಿಂದೆ ಉರಿ, ದಾರ ಸಡಿಲ, ಮಾಸ್ಕ್ ಗಲ್ಲದಲ್ಲಿ.

ಕೊನೆಗೆ ಎಸ್.ಜೆ.ಪಿ. ರಸ್ತೆ ಕಡೆ ಹೋದೆ. ವೆಲ್ಡಿಂಗ್ ಗ್ಲೌಸು, ಗಂಬೂಟು, ಹಳದಿ ಹೆಲ್ಮೆಟ್ಟು ಮಾರುವ ಅಂಗಡಿಗಳು. ಕಾರ್ಖಾನೆಯವರು ಕೊಳ್ಳುವ ಜಾಗ ಆದ್ದರಿಂದ ತಲೆಗೆ ಕಟ್ಟುವ ಮಾಸ್ಕುಗಳು ನಾಲ್ಕಾರು ಬಗೆ ಸಿಗುತ್ತವೆ. ಹಾಕಿ ನೋಡಿ ವಾಪಸ್ ಕೊಡಲಾಗದ ವಸ್ತು, ಅದಕ್ಕೆ ಬಗೆಗೊಂದರಂತೆ ಬಿಡಿಯಾಗಿ ತಂದೆ.

ಬಟ್ಟಲಿನ ಆಕಾರದ್ದು, 3ಎಂ 8210 ಥರದ್ದು, ಮುಖಕ್ಕೆ ಗಟ್ಟಿಯಾಗಿ ಕೂರುತ್ತದೆ. ಮುಖ ತೆರೆದ ಹೆಲ್ಮೆಟ್ ಹಾಕುವವರಿಗೆ ಒಳ್ಳೆಯದು. ನನ್ನದು ಫುಲ್ ಫೇಸ್. ಗಲ್ಲದ ಮುಂದಿನ ಕಮಾನು ಬಟ್ಟಲನ್ನು ಒತ್ತಿ ಮೇಲಕ್ಕೆ ತಳ್ಳುತ್ತದೆ, ಮೂಗಿನ ಕಡೆ ಸಂದು ಬೀಳುತ್ತದೆ. ಉದ್ದಕ್ಕೆ ಮಡಚಿ ಕೊಕ್ಕಿನ ಹಾಗೆ ಮುಂದೆ ಚಾಚುವ ಬಗೆಯದ್ದೂ ಹಾಗೇ, ಕೊಕ್ಕು ಕಮಾನಿಗೆ ತಾಗಿ ಮುರುಟಿಕೊಳ್ಳುತ್ತದೆ. ಅಡ್ಡಕ್ಕೆ ಮೂರು ಮಡಿಕೆ ಇರುವ ಬಗೆ ಇದೆ, 3ಎಂ ಔರಾ ಸಾಲಿನವು ಹೀಗಿರುತ್ತವೆ. ಮೂಗಿನ ಮೇಲೊಂದು ಪಟ್ಟಿ, ಮಧ್ಯ ಒಂದು, ಗಲ್ಲದ ಕೆಳಗೊಂದು. ಮಾತಾಡಿದರೂ ಅಲುಗಾಡುವುದಿಲ್ಲ, ಮುಂದಕ್ಕೂ ಜಾಸ್ತಿ ಚಾಚುವುದಿಲ್ಲ. ನನ್ನ ಹೆಲ್ಮೆಟ್ಟಿಗೆ ಒಪ್ಪಿದ್ದು ಇದೇ. ನಿಮ್ಮದಕ್ಕೆ ಬೇರೆ ಒಪ್ಪಬಹುದು. ಪಟ್ಟಿಯನ್ನು ಸ್ಟೇಪಲ್ ಪಿನ್ನಿನಿಂದ ಹೊಡೆದಿದ್ದರೆ ಆ ಪಿನ್ ಕೆನ್ನೆಯ ಸ್ಪಂಜಿನ ಕೆಳಗೆ ಬರುತ್ತದಾ ಅಂತ ಮಾತ್ರ ನೋಡಿಕೊಳ್ಳಿ. ಬಂದರೆ ಅರ್ಧ ಗಂಟೆಯಲ್ಲಿ ಮೂಳೆಗೆ ಒತ್ತಿ ಕೆಂಪು ಗುರುತು ಬೀಳುತ್ತದೆ.

ರಬ್ಬರಿನ ಅರ್ಧ ಮುಖದ ಮಾಸ್ಕ್, ಎರಡೂ ಕಡೆ ಡಬ್ಬಿ ಇರುವಂಥದ್ದು, ಅಂಚಿನ ವಿಷಯದಲ್ಲಿ ಎಲ್ಲಕ್ಕಿಂತ ಗಟ್ಟಿ. ಆದರೆ ಫುಲ್ ಫೇಸ್ ಹೆಲ್ಮೆಟ್ ಒಳಗೆ ಹೋಗುವ ಮಾತೇ ಇಲ್ಲ. ಅದೂ ಅಲ್ಲದೆ ಆ ಅವತಾರದಲ್ಲಿ ಬೆಲ್ ಒತ್ತಿದರೆ ಯಾವ ಆಂಟಿ ಬಾಗಿಲು ತೆಗೆಯುತ್ತಾರೆ ಹೇಳಿ. ಒಗೆದು ಹಾಕುವ, ರಬ್ಬರಿನಂಥ ದಪ್ಪ ನಿಯೋಪ್ರೀನ್ ಮಾಸ್ಕನ್ನೂ ನೋಡಿದೆ. ಏಪ್ರಿಲ್ ಬಿಸಿಲಿನಲ್ಲಿ ಅದರೊಳಗೆ ಬೆವರು ತೊಟ್ಟಿಕ್ಕುತ್ತದೆ. ಒಳಗೆ ಹಾಕುವ ಫಿಲ್ಟರ್ ಮತ್ತೆ ಬೇಕೆಂದಾಗ ಸಿಗಲಿಲ್ಲ.

ಹಾಕುವ ಕ್ರಮಕ್ಕೆ ಬರೋಣ. ಮೊದಲು ಮಾಸ್ಕ್, ಆಮೇಲೆ ಹೆಲ್ಮೆಟ್, ಕೊನೆಗೆ ಕನ್ನಡಕ. ಮೇಲಿನ ಪಟ್ಟಿ ತಲೆಯ ಹಿಂಭಾಗದಲ್ಲಿ ಎತ್ತರಕ್ಕೆ, ಕೆಳಗಿನದು ಕಿವಿಗಿಂತ ಕೆಳಗೆ ಕತ್ತಿನ ಹಿಂದೆ. ಎರಡನ್ನೂ ಒಂದೇ ಕಡೆ ಹಾಕಿದರೆ ಗಲ್ಲದ ಹತ್ತಿರ ಸಡಿಲವಾಗುತ್ತದೆ. ಮೂಗಿನ ತಂತಿಯನ್ನು ಒಂದೇ ಕೈಯಲ್ಲಿ ಚಿವುಟಬೇಡಿ, ಚೂಪಾಗಿ ಮಡಚಿಕೊಂಡು ನಡುವೆ ಸಂದು ಬಿಡುತ್ತದೆ. ಎರಡೂ ಕೈಯ ಎರಡೆರಡು ಬೆರಳಿನಿಂದ ಮಧ್ಯದಿಂದ ಆಚೀಚೆಗೆ ಒತ್ತಿಕೊಂಡು ಬನ್ನಿ. ಅಂಗೈ ಎರಡನ್ನೂ ಮಾಸ್ಕಿನ ಮೇಲೆ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ಬಡಿದರೆ ಮೂಗಿನ ಹತ್ತಿರ ಸೋರುತ್ತಿದೆ ಎಂದರ್ಥ. ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಳ್ಳುವಾಗ ಬೆಲ್ಟಿನ ಎರಡು ತುದಿಯನ್ನೂ ಹೊರಕ್ಕೆ ಎಳೆದು ಹಿಡಿದರೆ ಕೆನ್ನೆಯ ಸ್ಪಂಜು ಮಾಸ್ಕನ್ನು ಉಜ್ಜುವುದಿಲ್ಲ. ಹಾಕಿದ ಮೇಲೆ ಅಂಗೈ ಒಳಗೆ ಹೋಗುವುದಿಲ್ಲವಲ್ಲ, ಆಗ ಒಂದು ಸಲ ಚುರುಕಾಗಿ ಉಸಿರು ಎಳೆಯಿರಿ. ಮಾಸ್ಕ್ ಮುಖದ ಕಡೆಗೆ ಚೂರು ಒಳಕ್ಕೆ ಎಳೆದುಕೊಳ್ಳಬೇಕು.

ಅಂದು ರಾತ್ರಿ ಇನ್ನೊಂದು ಕೆಲಸ ಮಾಡಿ. ಮಾಸ್ಕನ್ನು ಬಿಚ್ಚಿ ಟ್ಯೂಬ್‌ಲೈಟ್ ಕೆಳಗೆ ಅದರ ಒಳಭಾಗ ನೋಡಿ. ಹೊರಗೆ ಬೂದಿ ಬಣ್ಣ ಬಂದಿರುತ್ತದೆ, ಅದು ಸರಿಯೇ. ಒಳಗೆ ಎಲ್ಲಾ ಬೆಳ್ಳಗಿದ್ದು, ಮೂಗಿನ ಅಕ್ಕಪಕ್ಕ ಅಂಚಿನಿಂದ ಒಳಕ್ಕೆ ಎರಡು ಮಸುಕು ಗೆರೆ ಎಳೆದಂತಿದ್ದರೆ ಗಾಳಿ ದಿನವಿಡೀ ಅಲ್ಲಿಂದಲೇ ನುಗ್ಗಿದೆ. ನನ್ನ ಮುಖದ ಎಡಗಡೆ ಈ ಗೆರೆ ಬಿಡದೆ ಬರುತ್ತಿತ್ತು. ತಂತಿಯನ್ನು ಆ ಕಡೆ ಇನ್ನೊಂದು ಚೂರು ಒತ್ತಿದ ಮೇಲೆ ನಿಂತಿತು. ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಸಿಕ್ಕಿಲ್ಲ, ಖರ್ಚೂ ಇಲ್ಲ.

ಗಡ್ಡ ಬಿಟ್ಟವರಿಗೆ ಬೇಜಾರಿನ ಸುದ್ದಿ. ಅಂಚು ಕೂರುವ ಜಾಗದಲ್ಲಿ ಕೂದಲಿದ್ದರೆ ಯಾವ ಮಾಸ್ಕೂ ಮುಚ್ಚುವುದಿಲ್ಲ, ಎರಡು ದಿನದ ಕುರುಚಲು ಸಹ ಸಾಕು. ಮೀಸೆ ಮಾಸ್ಕಿನ ಒಳಗೇ ಉಳಿದರೆ ತೊಂದರೆ ಇಲ್ಲ. ನಾನು ಗಡ್ಡ ಬಿಟ್ಟುಕೊಟ್ಟು ಮೀಸೆ ಉಳಿಸಿಕೊಂಡೆ.

ಉಸಿರು ಬಿಡುವ ವಾಲ್ವ್ ಬೇಕಾ ಬೇಡವಾ? ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಕೇಂದ್ರದ ಆರೋಗ್ಯ ಇಲಾಖೆ ವಾಲ್ವ್ ಇರುವುದು ಬೇಡ ಎಂದಿತ್ತು. ಅದು ಸೋಂಕಿನ ಕಾರಣಕ್ಕೆ, ವಾಲ್ವ್ ನಮ್ಮ ಉಸಿರನ್ನು ಸೋಸದೆ ಹೊರಗೆ ಬಿಡುತ್ತದೆ ಅಂತ. ಧೂಳಿನ ವಿಷಯದಲ್ಲಿ ಆ ಚಿಂತೆ ಇಲ್ಲ. ಒಳಗಿನ ಸೆಕೆ, ತೇವ ಕಡಿಮೆಯಾಗುತ್ತದೆ. ಸೈಕಲ್ ತುಳಿಯುವವರಿಗಂತೂ ವಾಲ್ವ್ ಇಲ್ಲದೆ ಕಷ್ಟ.

ಕಪ್ಪು ಬಣ್ಣದ "ಕಾರ್ಬನ್" ಮಾಸ್ಕ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕಾರ್ಬನ್ ನನ್ನ ದಿನನಿತ್ಯದ ಸರಕು, ನೀರಿನ ಕ್ಲೋರಿನ್ ವಾಸನೆ ತೆಗೆಯುವುದೇ ಅದು. ಒಂದು ಉದ್ದನೆ ಕಾರ್ಟ್ರಿಜ್ ತುಂಬ ಇರುವ ಕಾರ್ಬನ್ನೇ ಕಾಲ ಕಳೆದಂತೆ ತುಂಬಿಹೋಗಿ ಬದಲಾಯಿಸಬೇಕಾಗುತ್ತದೆ. ಮಾಸ್ಕಿನಲ್ಲಿರುವ ತೆಳು ಪದರ ಎಷ್ಟು ದಿನ ಬಂದೀತು? ಡೀಸೆಲ್ ವಾಸನೆ ಸ್ವಲ್ಪ ಕಡಿಮೆ ಅನಿಸುತ್ತದೆ, ನಿಜ. ಆದರೆ ಕಾರ್ಬನ್ ಮಾನಾಕ್ಸೈಡ್ ಅದಕ್ಕೆ ಸಿಕ್ಕುವುದಿಲ್ಲ, ಎನ್95ಗೂ ಸಿಕ್ಕುವುದಿಲ್ಲ. ಅನಿಲಕ್ಕೆ ದೂರವೇ ಮದ್ದು. ಹಾಗಾಗಿ ಸಿಗ್ನಲ್‌ನಲ್ಲಿ ಸಂದು ಸಿಕ್ಕಿತು ಅಂತ ಬಸ್ಸಿನ ಹಿಂದೆ ನುಗ್ಗುವುದನ್ನು ಬಿಟ್ಟಿದ್ದೇನೆ, ಪಕ್ಕಕ್ಕೆ ನಿಲ್ಲುತ್ತೇನೆ. ಒಂದು ಸಿಗ್ನಲ್ ತಪ್ಪಿದರೆ ತಪ್ಪಲಿ.

ಎನ್95 ಥರದ ಮಾಸ್ಕನ್ನು ಒಗೆಯಬೇಡಿ. ಮಧ್ಯದ ಪದರದ ಎಳೆಗಳಲ್ಲಿ ಸ್ಥಾಯೀ ವಿದ್ಯುತ್ ಇರುತ್ತದೆ, ಸಣ್ಣ ಕಣಗಳನ್ನು ಹಿಡಿಯುವುದರಲ್ಲಿ ಅದರದ್ದೇ ದೊಡ್ಡ ಪಾಲು. ಸೋಪು ನೀರು, ಸ್ಯಾನಿಟೈಸರ್ ತಗುಲಿದರೆ ಅದು ಹೋಗುತ್ತದೆ, ನೋಡಲು ಮಾತ್ರ ಮಾಸ್ಕ್ ಹಾಗೇ ಇರುತ್ತದೆ. ಮನೆಗೆ ಬಂದ ಮೇಲೆ ಪೇಪರ್ ಕವರಿನಲ್ಲಿ ಇಡುತ್ತೇನೆ, ಪ್ಲಾಸ್ಟಿಕ್ ಕವರಿನಲ್ಲಿ ತೇವ ಆರುವುದಿಲ್ಲ. ಉಸಿರೆಳೆಯುವುದು ಭಾರ ಅನಿಸಿದಾಗ, ಪಟ್ಟಿ ಸಡಿಲವಾದಾಗ ಅಥವಾ ಮಳೆಯಲ್ಲಿ ಒದ್ದೆಯಾದಾಗ ಹೊಸದು. ನಾನು ಕೊಂಡಾಗ ಒಂದಕ್ಕೆ 100 ರೂಪಾಯಿ ಆಸುಪಾಸು ಬಿದ್ದಿತ್ತು. ಎರಡನ್ನು ದಿನ ಬಿಟ್ಟು ದಿನ ಹಾಕಿದರೆ ಒಂದಾದರೂ ಒಣಗಿರುತ್ತದೆ. ಮಳೆಗಾಲಕ್ಕೆ ಸೀಟಿನ ಕೆಳಗೆ ಇನ್ನೊಂದು ಇರಲಿ.

ಹೆಲ್ಮೆಟ್ಟಿನ ಮುಂದಿನ ಗಾಜು, ಅಂದರೆ ವೈಸರ್, ಮಂಜಾಗುವ ಕಾಟ ಮಾತ್ರ ಪೂರ್ತಿ ಹೋಗಿಲ್ಲ. ಮೂಗಿನ ಕಡೆ ಸರಿಯಾಗಿ ಮುಚ್ಚಿದ ಮೇಲೆ ಕನ್ನಡಕಕ್ಕೆ ಹಬೆ ಬರುವುದು ನಿಂತಿದೆ. ಆದರೆ ಡಿಸೆಂಬರ್ ಬೆಳಗಿನ ಚಳಿಯಲ್ಲಿ ವಾಲ್ವಿನಿಂದ ಹೊರಟ ಉಸಿರು ವೈಸರಿಗೆ ಬಡಿದು ಮಸುಕಾಗುತ್ತದೆ. ಸದ್ಯಕ್ಕೆ ಗಾಡಿ ನಿಂತಾಗ ವೈಸರನ್ನು ಒಂದು ಹಲ್ಲು ಎತ್ತುತ್ತೇನೆ, ಹೊರಟಾಗ ಇಳಿಸುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಇದಕ್ಕಿಂತ ಒಳ್ಳೆ ಉಪಾಯ ಗೊತ್ತಿದ್ದರೆ ಹೇಳಿ.