ಬಾಗಿಲು ಕಾಯುವವನ ಸರದಿ: ಆಗಮನಕಾಲದ ನನ್ನ ಅನುಭವ

ನಮ್ಮ ವಾಳೆಯ, ಅಂದರೆ ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪಿನ, ಗುರಿಕಾರಿಕೆ (ಮುಖಂಡತ್ವ) ನನ್ನ ಹೆಗಲಿಗೆ ಬಿದ್ದದ್ದು 2021ರಲ್ಲಿ. ಮೂಡಿಗೆರೆ ಕಡೆಯ ಕಾಫಿ ಸೀಮೆ, 23 ಮನೆಗಳು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಕಾಲವೇ ಆಗಮನಕಾಲ. ಅದರ ಮೊದಲ ಭಾನುವಾರ 'ಎಚ್ಚರವಾಗಿರಿ' ಎಂಬ ಸುವಾರ್ತೆ ಕೇಳುವುದು, ಅದೇ ರಾತ್ರಿ ಒಂಬತ್ತಕ್ಕೆ ಕಂಬಳಿ ಹೊದ್ದು ಮಲಗುವುದು, ಇದು ನಮ್ಮ ಪದ್ಧತಿ. ಈ ಸಲ ನಿಜವಾಗಿಯೇ ಎಚ್ಚರವಿದ್ದು ನೋಡೋಣ ಎಂದೆ. "ಶಿವರಾತ್ರಿಗೆ ಇನ್ನೂ ಮೂರು ತಿಂಗಳಿದೆಯಲ್ಲಪ್ಪ" ಎಂದು ನಮ್ಮ ಅತ್ತೆ ನಕ್ಕರು.

ಮೊದಲ ವರ್ಷ ಬೆಳಗಿನ ಜಾವ ನಾಲ್ಕೂವರೆಗೆ ಎಲ್ಲರೂ ಪ್ರಾರ್ಥನಾಲಯದಲ್ಲಿ ಸೇರುವುದೆಂದು ಗೊತ್ತುಮಾಡಿದೆ. ಬೆಂಗಳೂರಿನಿಂದ ಆಗಮನಕಾಲದ ಮೇಣದಬತ್ತಿ ನಿಲ್ಲಿಸುವ ಸಿದ್ಧ ಹಸಿರು ಬಳೆ, ಮೂರು ನೇರಳೆ ಮತ್ತು ಒಂದು ಗುಲಾಬಿ ಮೇಣದಬತ್ತಿ ತರಿಸಿದ್ದಕ್ಕೆ ಸುಮಾರು 2,000 ರೂಪಾಯಿ, ಬೆಳಗಿನ ಚಹಾ ಬನ್ನಿಗೆ ಇನ್ನೊಂದು 3,000. ಮೊದಲ ದಿನ ಮೂವತ್ತು ಜನ. ಎರಡನೆಯ ವಾರ ಆರು. ಆಮೇಲೆ ಆನೆ ಬಂದಿದೆ ಎಂಬ ಸುದ್ದಿ ಹಬ್ಬಿತು. ಕತ್ತಲಲ್ಲಿ ತೋಟದ ದಾರಿ ಹಿಡಿದು ಬನ್ನಿ ಎಂದು ನಾನಾದರೂ ಯಾವ ಬಾಯಲ್ಲಿ ಹೇಳಲಿ? ಅದೂ ಅರೇಬಿಕಾ ಕೊಯ್ಲಿನ ದಿನಗಳು. ಹಗಲೆಲ್ಲ ಹಣ್ಣು ಬಿಡಿಸಿದವರ ಕಣ್ಣು ಜಪಸರದ (ಮಣಿ ಎಣಿಸುವ ಪ್ರಾರ್ಥನೆಯ) ಎರಡನೆಯ ರಹಸ್ಯಕ್ಕೇ, ಅಂದರೆ ಎರಡನೆಯ ಭಾಗಕ್ಕೇ, ಮುಚ್ಚುತ್ತಿತ್ತು.

2022ರಲ್ಲಿ ಆಗಮನಕಾಲ ಪೂರ್ತಿ 28 ದಿನ, ಅದಕ್ಕಿಂತ ಉದ್ದ ಬರುವುದೇ ಇಲ್ಲ. ಅವರವರ ಮನೆಯಲ್ಲೇ ಎದ್ದು ಕುಳಿತುಕೊಳ್ಳಿ ಎಂದೆ. ಯಾರು ಎದ್ದರು, ಯಾರು ಎದ್ದೆವೆಂದು ಹೇಳಿದರು, ದೇವರಿಗೇ ಗೊತ್ತು. ನಾನೇ ಐದಾರು ದಿನ ತಪ್ಪಿಸಿದೆ. ಚರ್ಚಿನ ಪಾಲನಾ ಮಂಡಳಿಯ ಸಭೆಯಲ್ಲಿ ಒಬ್ಬರು "ಗುರಿಕಾರರೇ, ಗೋದಲಿ ಸ್ಪರ್ಧೆಯನ್ನಾದರೂ ಮಾಡಿ" ಎಂದರು (ಗೋದಲಿ ಎಂದರೆ ಕ್ರಿಸ್ಮಸ್ಸಿಗೆ ಕಟ್ಟುವ, ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯ). ಚುಚ್ಚಿತು.

ದಾರಿ ಹೊಳೆದದ್ದು ಮಾರ್ಕನ ಸುವಾರ್ತೆಯ 13ನೆಯ ಅಧ್ಯಾಯ ಓದುವಾಗ. ಮನೆಯೊಡೆಯ ಹೊರಡುವಾಗ ಒಬ್ಬೊಬ್ಬ ಆಳಿಗೆ ಒಂದೊಂದು ಕೆಲಸ ವಹಿಸುತ್ತಾನೆ. ಕಾದಿರು ಎಂದು ಆಜ್ಞೆ ಮಾಡುವುದು ಬಾಗಿಲು ಕಾಯುವವನಿಗೆ. ಅಂದರೆ ಸರದಿ! 2023ರಲ್ಲಿ ಮೊದಲ ಭಾನುವಾರದ ಹಿಂದಿನ ಶನಿವಾರ ಸಂಜೆಯಿಂದ ಲೆಕ್ಕ ಹಾಕಿದರೆ 22 ರಾತ್ರಿಗಳು. ರಾತ್ರಿಗೊಂದು ಮನೆ. ಗುಜರಿಯಲ್ಲಿ 350 ರೂಪಾಯಿಗೆ ಸಿಕ್ಕ ಹಳೆಯ ಲಾಟೀನಿನೊಳಗೆ ಹಣತೆ ಕೂರಿಸಿದೆ. ಸಂಜೆ ದೀಪ ಬಂದ ಮನೆಯವರು ಸಂಜೆ, ನಡುರಾತ್ರಿ, ಕೋಳಿ ಕೂಗುವ ಹೊತ್ತು, ಮುಂಜಾವ, ಹೀಗೆ ನಾಲ್ಕು ಜಾವ ಹಂಚಿಕೊಂಡು ಜಾವಕ್ಕೆ ಒಬ್ಬರಂತೆ ಒಂದು ಗಂಟೆ ಕೂರಬೇಕು. ಅಂದಿನ ವಾಚನ ಒಮ್ಮೆ ಓದಿದರೆ ಸಾಕು, ಉಳಿದದ್ದು ಮೌನ. ಮೊಬೈಲ್ ಅಕ್ಕಿ ಡಬ್ಬಿಯೊಳಗೆ.

ಮೂರನೆಯ ರಾತ್ರಿಯೇ ದೀಪ ಆರಿತು. ಬತ್ತಿ ಸರಿಯಿಲ್ಲ ಎಂದು ನಾಲ್ಕು ಬಗೆ ಬದಲಿಸಿದೆ, ಮತ್ತೆ ಆರಿತು. ಅಪರಾಧಿ ತೆಂಗಿನೆಣ್ಣೆ! 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ನಮ್ಮ ಡಿಸೆಂಬರ್ ರಾತ್ರಿಯಲ್ಲಿ ಕೇಳಬೇಕೇ? ಎಳ್ಳೆಣ್ಣೆಗೆ ಬದಲಿಸಿದ ಮೇಲೆ ಒಮ್ಮೆ ಮಾತ್ರ ಆರಿತು. ರಾತ್ರಿಗೆ ಅಂದಾಜು ಒಂದು ಸಣ್ಣ ಲೋಟ, ಅಷ್ಟೂ ದಿನಕ್ಕೆ ಎಣ್ಣೆಯ ಖರ್ಚು 700 ದಾಟಲಿಲ್ಲ. ಬತ್ತಿಯನ್ನು ಯಾವುದರಲ್ಲಿ ನೆನೆಸಿ ಒಣಗಿಸುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ. ಕಾಲೇಜು ಹುಡುಗರು ನಡುರಾತ್ರಿಯ ಜಾವಕ್ಕೆ ತಾವೇ ಪೈಪೋಟಿಗೆ ಬಿದ್ದದ್ದು ಹೇಗೆ ಎಂಬುದನ್ನೂ.

ನಡುವೆ ಇನ್ನೊಂದು ಹುಚ್ಚು. ದೀಪದ ಜೊತೆ ತೆಂಗಿನ ಚಿಪ್ಪಿನಲ್ಲಿ ರಾಗಿ ಬಿತ್ತಿ ಕಳುಹಿಸಿದೆ, ಗೋದಲಿ ತಲುಪುವಷ್ಟರಲ್ಲಿ ಹಸಿರಾಗಲಿ ಎಂದು. ಹತ್ತು ದಿನದ ಪೈರನ್ನು 22 ದಿನ ಬೆಳೆಸಹೊರಟರೆ ಏನಾಗುತ್ತದೆ? ಹಳದಿ ತಿರುಗಿ ಅಡ್ಡ ಬಿತ್ತು. ನಿಂತದ್ದನ್ನು ಯಾರದೋ ಮನೆಯ ಇಲಿ ಮುಗಿಸಿತು. ಈಗ ಚಿಪ್ಪು ಹೊರಡುವುದು ಡಿಸೆಂಬರ್ 13ರ ಸಂತ ಲೂಸಿಯ ಹಬ್ಬಕ್ಕೆ. ಸರಿಯಾಗಿ ಬರುತ್ತದೆ.

ಜಾವಕ್ಕೆ ಕೂತವರು ಏನು ಕಂಡರೆಂದು ನಾನು ಕೇಳುವುದಿಲ್ಲ. ನನ್ನ ಮಟ್ಟಿಗೆ, ಕೋಳಿ ಕೂಗುವ ಜಾವದಲ್ಲಿ ತಮ್ಮನೊಂದಿಗಿನ ಬೇಲಿ ಜಗಳವೇ ತಲೆಯಲ್ಲಿ ಸುತ್ತಿತು, ಪ್ರಾರ್ಥನೆ ಹತ್ತಲಿಲ್ಲ. ಬೆಳಗಾದ ಮೇಲೆ ಅವನ ಮನೆಗೆ ಹೋದೆ. ಆ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಫಾದರ್ ಮುಂದೆ ಮಾಡುವ ಪಾಪನಿವೇದನೆಗೆ ನಮ್ಮ ವಾಳೆಯಿಂದ ನಲವತ್ತರ ಹತ್ತಿರ ಜನ; ಹಿಂದೆಲ್ಲ ಹತ್ತು ದಾಟಿದ್ದಿಲ್ಲ. ಫಾದರ್ ತಡವಾಗಿ ಊಟ ಮಾಡಬೇಕಾಯಿತು. ಗೋದಲಿ ಸ್ಪರ್ಧೆ ಎಂದವರೇ ಮುಂದಿನ ವರ್ಷ ತಮ್ಮ ವಾಳೆಗೊಂದು ಲಾಟೀನು ಹುಡುಕಿಸಿಕೊಂಡರು.

ಒಂದು ಎಡವಟ್ಟು ಉಳಿಯಿತು. ರಾತ್ರಿಗಳು 22, ಮನೆಗಳು 23. ಮುದುಕಿಯೊಬ್ಬಳೇ ಇರುವ ಮನೆ, ನಾಲ್ಕು ಜಾವ ಆಗದು ಎಂದು ಬಿಟ್ಟಿದ್ದೆ. ಆಕೆ ನನ್ನೊಂದಿಗೆ ವರ್ಷವಿಡೀ ಮಾತಾಡಲಿಲ್ಲ. 2024ರಲ್ಲಿ 24 ರಾತ್ರಿಗಳು ಬಂದಾಗ ಎರಡು ರಾತ್ರಿ ತನಗೇ ಬೇಕೆಂದು ಹಟ ಹಿಡಿದು ಪಡೆದಳು. ಎರಡೂ ರಾತ್ರಿ ದೀಪ ಆರಲಿಲ್ಲ, ಎಣ್ಣೆಯೂ ಆಕೆಯದೇ.