ವಿಕ್ಕಾದ ನೀತಿ ಕಲಬುರಗಿ ಕಡಿ ಇದ್ದು ಪಾಲಿಸೋದು ಹ್ಯಾಂಗ?

ಇನ್‌ಸ್ಟಾಗ್ರಾಮ್‌ದಾಗ ಮೋಂಬತ್ತಿ, ಭವಿಷ್ಯ ಹೇಳೋ ಟ್ಯಾರೋ ಕಾರ್ಡ್, ಹುಣ್ಣಿಮಿ ಚಂದ್ರನ ರೀಲ್ಸ್ ನೋಡಿ ವಿಕ್ಕಾ ಅಂದ್ರೇನು ಅಂತ ಕೇಳೋ ಹುಡುಗ್ರು ಹುಡುಗ್ಯಾರು ನಮ್ಮ ಕಡಿನೂ ಈಗ ಸಿಗ್ತಾರ. ಅವರು ಕೇಳೋದು ಯಾವ ಮಂತ್ರ, ಯಾವ ಬಣ್ಣದ ಮೋಂಬತ್ತಿ, ಎಷ್ಟು ದಿನಕ್ಕ ಕೆಲಸ ಆಗ್ತದ ಅಂತ. ನಾ ಹೇಳೋದು ಅದೆಲ್ಲಾ ಆಮ್ಯಾಲ ನೋಡ್ರಿ, ಮೊದಲ ಅದರ ನೀತಿ ಕಲೀರಿ. ಬಾನಾಮತಿ, ಅಂದ್ರ ಯಾರೋ ಮಾಟ ಮಾಡ್ಯಾರ, ಅನ್ನೋ ಒಂದು ಮಾತಿಗಿ ಮನಿ ಮುಂದ ಮಂದಿ ಸೇರೋ ಊರುಗಳು ನಮ್ಮವು, ಕಲಬುರಗಿ ಇರ್ಲಿ ಬೀದರ ಇರ್ಲಿ ಯಾದಗಿರಿ ಇರ್ಲಿ, ಇಲ್ಲಿ ನೀತಿ ಬಿಟ್ಟು ಮಂತ್ರದ ಹಿಂದ ಬಿದ್ರ ಅದರ ಪೆಟ್ಟು ಬೀಳೋದು ನಿಮಗಲ್ಲ, ಓಣ್ಯಾಗ ಒಬ್ಬಾಕೀನೇ ಇರೋ ಯಾವುದೋ ಮುದುಕಿಗಿ.

ಇದು ಎಲ್ಲಿಂದ ಬಂತು ಅಂತ ಜರಾ ಹೇಳ್ತೀನಿ. ವಿಕ್ಕಾ ಇಂಗ್ಲೆಂಡಿನ್ಯಾಗ ಹುಟ್ಟಿದ, ತನ್ನನ್ನ ಮಾಟಗಾರಿಕಿ ಅಂತಾನೇ ಕರ್ಕೊಳ್ಳೋ ಹೊಸ ಧರ್ಮ, ಸಾವಿರಾರು ವರ್ಷದ್ದು ಅಂತ ಯಾರರೇ ಹೇಳಿದ್ರ ನಂಬಬ್ಯಾಡ್ರಿ. ಅಲ್ಲಿ 1735ರ ಮಾಟಗಾರಿಕಿ ಕಾಯ್ದೆ 1951ರಾಗ ರದ್ದಾಯ್ತು, ಆಮ್ಯಾಲ ಜೆರಾಲ್ಡ್ ಗಾರ್ಡ್ನರ್ ಅನ್ನೋರು, ಸಿಲೋನಿನ ಚಹಾ ತೋಟದಾಗ, ಮಲಯಾದ ಕಸ್ಟಮ್ಸ್‌ನ್ಯಾಗ ನೌಕರಿ ಮಾಡಿ ರಿಟೈರ್ ಆಗಿ ಇಂಗ್ಲೆಂಡಿಗಿ ವಾಪಸ್ ಬಂದವರು, 1954ರಾಗ ಪುಸ್ತಕ ಬರೆದು ಇದನ್ನ ಎಲ್ಲರ ಮುಂದ ಇಟ್ಟರು. ಡೋರೀನ್ ವ್ಯಾಲಿಯೆಂಟೆ ಅನ್ನೋ ಹೆಣ್ಮಗಳು ಅವರ ಜೋಡಿ ಸೇರಿ ಪ್ರಾರ್ಥನಿಗಳನ್ನ ತಿದ್ದಿ ಬರೆದ್ರು. ಒಬ್ಬ ದೇವಿ, ಒಬ್ಬ ಕೋಡಿರೋ ದೇವರು, ಹುಣ್ಣಿಮಿ ಪೂಜಾ, ವರ್ಷಕ್ಕ ಎಂಟು ಹಬ್ಬ. ಸೈತಾನನ ಪೂಜಾ ಇದರಾಗ ಇಲ್ಲ, ಸೈತಾನ ಅನ್ನೋ ಕಲ್ಪನೇನೇ ಇಲ್ಲ.

ಮೊದಲನೇ ಮಾತು: ಯಾರಿಗೂ ಕೇಡಾಗಬಾರ್ದು

ವಿಕ್ಕಾದವರು ಎಲ್ಲಿದ್ರೂ ಹೇಳೋ ಒಂದು ಸಾಲು ಅದ. ಯಾರಿಗೂ ಕೇಡಾಗಂಗಿಲ್ಲಂದ್ರ ನಿನಗ ಬೇಕಾದದ್ದು ಮಾಡು. ವ್ಯಾಲಿಯೆಂಟೆ 1964ರಾಗ ಒಂದು ಊಟದ ಕೂಟದಾಗ ಭಾಷಣ ಮಾಡ್ತಾ ಈ ಸಾಲು ಹೇಳಿದ್ರು, ಅಲ್ಲಿಂದ ಅದು ಎಲ್ಲಾ ಕಡಿ ಹಬ್ಬಿತು. ಇದು ಆಜ್ಞೆ ಅಲ್ಲ, ಹಿರಿಯರು ಹೇಳೋ ಬುದ್ಧಿಮಾತಿನಂಥದ್ದು, ಮುರಿದ್ರ ಶಿಕ್ಷೆ ಕೊಡ್ಲಾಕ ಗುರು ಇಲ್ಲ, ಮಠ ಇಲ್ಲ. ಬಸವಣ್ಣನವರ ಏಳು ಬೇಡಗಳನ್ನ ಸಾಲಿಯಾಗೇ ಬಾಯಿಪಾಠ ಮಾಡಿ ಬೆಳೆದ ನಮಗ ಇದು ಭಾಳ ಸಡಿಲ ಅನ್ನಿಸ್ತದ, ಅಲ್ಲಿ ಏನು ಮಾಡಬಾರ್ದು ಅಂತ ಒಂದೊಂದೇ ಹೇಳ್ಯಾರ, ಇಲ್ಲಿ ಎಲ್ಲಾ ನಿಮ್ಮ ಕೈಯಾಗೇ ಬಿಟ್ಟಾರ. ಖರೆ ಹೇಳ್ಬೇಕಂದ್ರ ಅದಕ್ಕೇ ಇದು ಕಠಿಣ, ಏನು ಕೇಡು, ಯಾರಿಗಿ ಕೇಡು ಅಂತ ಪ್ರತಿ ಸಲ ನೀವೇ ಕುಂತು ಲೆಕ್ಕ ಹಾಕಬೇಕಾಗ್ತದ.

ಲೆಕ್ಕ ಹಾಕೋದು ಹ್ಯಾಂಗ ಅಂದ್ರ, ಒಂದು ವಹಿ ಇಡ್ರಿ. ವಿಕ್ಕಾದವರು ತಮ್ಮ ಪೂಜಾ ವಿಧಾನ, ಅನುಭವ ಎಲ್ಲಾ ಬರ್ಕೊಳ್ಳೋ ವಹಿ ಇಟ್ಟಿರ್ತಾರ, ಅದರಾಗೇ ಬರೀಬಹುದು, ನೂರು ಪುಟದ ಸಾದಾ ಸಾಲಿ ವಹಿ ಸಾಕು. ಏನರೇ ಮಾಡ್ಲಾಕ ಕೂಡೋ ಮೊದಲ ಬರೀರಿ, ನನಗ ಏನು ಬೇಕು, ಇದು ಯಾರ್‍ಯಾರಿಗಿ ತಾಕ್ತದ, ಅವರು ಹ್ಞೂಂ ಅಂದಾರಾ, ಇದೇ ಕೆಲಸಕ್ಕ ನಾ ಕೈಲಿಂದ ಏನು ಮಾಡ್ಲತ್ತೀನಿ. ಮೂರನೇದಕ್ಕ ಉತ್ತರ ಇಲ್ಲಂದ್ರ ವಹಿ ಮುಚ್ಚಿ ಎದ್ದುಬಿಡ್ರಿ, ನಾಕನೇದಕ್ಕ ಉತ್ತರ ಇಲ್ಲಂದ್ರ ಮೊದಲ ಆ ಕೆಲಸ ಮಾಡಿ ಬರ್‍ರಿ.

ಒಂದು ಉದಾಹರಣಿ ಕೊಡ್ತೀನಿ. ನಮ್ಮ ಪರಿಚಯದ ಒಬ್ಬ ಹುಡುಗಿ, ಡಿಗ್ರಿ ಫೈನಲ್ ಇಯರ್, ನನ್ನ ಹಂತೇಕ ಬಂದು ಅಕ್ಕಾ, ಅಂವ ಮೊದಲಿನಂಗ ಮಾತಾಡವಲ್ಲ, ಮೆಸೇಜ್ ನೋಡಿನೂ ರಿಪ್ಲೈ ಮಾಡಲ್ಲ, ಅಂವ ತಿರುಗಿ ಬರೋಹಂಗ ಏನರೇ ಮಾಡಿ ಕೊಡ್ರಿ ಅಂದಳು. ಫೋನಿನಾಗ ಅವನ ಫೋಟೋನೂ ತಗದು ಹಿಡಿದಿದ್ಳು. ನಾ ವಹಿ ಕೊಟ್ಟು ಬರಿ ಅಂದೆ. ಮೊದಲನೇ ಸಾಲಿಗಿ ಅಂವ ಬೇಕು ಅಂತ ಬರೆದಳು, ಎರಡನೇದಕ್ಕ ಅವನಿಗೇ ತಾಕ್ತದ ಅಂತ ಬರೆದಳು, ಮೂರನೇದಕ್ಕ ಪೆನ್ನು ನಿಂತೇ ಬಿಡ್ತು. ಅವನಿಗಿ ಕೇಳಿಲ್ಲ, ಕೇಳಿದ್ರ ಹ್ಞೂಂ ಅನ್ನಂಗೂ ಇಲ್ಲ. ಅಂದ್ರ ಇದು ಪ್ರೀತಿ ಅಲ್ಲ, ಅವನ ಮನಸ್ಸನ್ನ ಅವನ ಕೈಯಿಂದ ಕಸ್ಕೊಳ್ಳೋದು ಅಂದೆ. ವಶೀಕರಣ ಅಂತ ನಮ್ಮ ಗ್ವಾಡಿ ಗ್ವಾಡಿಗಿ ಹಚ್ಚಿರ್ತಾರಲ್ಲ ಬೋರ್ಡು, ಅದನ್ನ ಬಹಳಷ್ಟು ಮಂದಿ ವಿಕ್ಕಾದವರು ಕೇಡು ಅಂತಾನೇ ಲೆಕ್ಕ ಹಿಡೀತಾರ, ಅದು ಕೆಲಸ ಮಾಡ್ತದೋ ಇಲ್ಲೋ ಅನ್ನೋದು ಆಮ್ಯಾಲಿನ ಮಾತು, ಮಾಡ್ಬೇಕು ಅಂತ ಆಸೆ ಪಟ್ಟದ್ದೇ ತಪ್ಪು. ಅಕಿ ಆಮ್ಯಾಲ ಮೊದಲನೇ ಸಾಲು ಹೊಡೆದುಹಾಕಿ, ನನಗ ರಾತ್ರಿ ನಿದ್ದಿ ಬರ್ಬೇಕು, ಪರೀಕ್ಷಾ ಬರೀಬೇಕು ಅಂತ ಬರೆದಳು. ಅದು ಅಕಿದೇ ವಿಷಯ, ಯಾರ ಅನುಮತಿನೂ ಬೇಕಿಲ್ಲ, ಅದಕ್ಕ ಮೋಂಬತ್ತಿ ಹಚ್ಚು, ಪ್ರಾರ್ಥನಾ ಮಾಡು, ಮತ್ತ ಆ ಫೋನ್ ರಾತ್ರಿ ಅವ್ವನ ಕೋಣ್ಯಾಗ ಇಡು ಅಂದೆ.

ಒಳ್ಳೇದು ಮಾಡೋ ಮುಂದನೂ ಕೇಳಬೇಕು, ಇದನ್ನ ಭಾಳ ಮಂದಿ ಮರೀತಾರ. ಕಾಕಾನಿಗಿ ಆರಾಮಿಲ್ಲ, ಅವರ ಹೆಸರಿನ್ಯಾಗ ಏನರೇ ಮಾಡ್ಬೇಕು ಅನ್ನಿಸಿದ್ರ ಕಾಕಾ, ನಿಮ್ಮ ಸಲುವಾಗಿ ಪ್ರಾರ್ಥನಾ ಮಾಡ್ಲೇನ್ರಿ ಅಂತ ಒಂದು ಮಾತು ಕೇಳ್ರಿ. ಮಾಡು ಅಂದ್ರ ಮಾಡ್ರಿ, ಬ್ಯಾಡ ಅಂದ್ರ ಅವರ ದವಾಖಾನಿ ಚೀಟಿ ಹಿಡಕೊಂಡು ಔಷಧ ತಂದು ಕೊಡ್ರಿ.

ಮತ್ತ ಯಾರಿಗೂ ಅಂದ್ರ ಅದರಾಗ ನೀವೂ ಬರ್ತೀರಿ. ಉಪವಾಸ ಅಂತ ನೀರೂ ಕುಡೀದೆ ಕೂಡೋದು, ರಾತ್ರಿ ಒಬ್ಬರೇ ಊರ ಹೊರಗ ಹೋಗೋದು, ಮೈ ಕೊಯ್ಕೊಂಡು ರಕ್ತ ತಗಿಯೋದು, ಇವೆಲ್ಲಾ ರೀಲ್ಸ್‌ದಾಗ ಚಂದ ಕಾಣಿಸ್ತಾವ, ಬಿಲ್ಕುಲ್ ಮಾಡಬ್ಯಾಡ್ರಿ.

ಮೂರು ಪಟ್ಟು ವಾಪಸ್

ಇನ್ನೊಂದು ಮಾತು ನೀವು ಕೇಳಿರ್ತೀರಿ, ಮಾಡಿದ್ದು ಒಳ್ಳೇದಿರ್ಲಿ ಕೆಟ್ಟದ್ದಿರ್ಲಿ ಮೂರು ಪಟ್ಟಾಗಿ ತಿರುಗಿ ಬರ್ತದ ಅಂತ. ಗಾರ್ಡ್ನರ್ ಅವರ 1949ರ ಕಾದಂಬರಿಯಾಗೇ ಇದರ ಬೀಜ ಅದ, ಮುಂದ ರೇಮಂಡ್ ಬಕ್‌ಲ್ಯಾಂಡ್ ಅನ್ನೋರು ಅಮೆರಿಕಾದಾಗ ಇದನ್ನ ಹಬ್ಬಿಸಿದ್ರು. ವಿಕ್ಕಾದವರೆಲ್ಲಾ ಇದನ್ನ ಒಪ್ಪಂಗಿಲ್ಲ. ನನಗಂತೂ ಇದರ ಮ್ಯಾಲ ಅಷ್ಟು ಭರೋಸಾ ಇಲ್ಲ, ಯಾಕಂದ್ರ ಪೆಟ್ಟು ತಿರುಗಿ ಬೀಳ್ತದ ಅನ್ನೋ ಹೆದರಿಕಿಗಿ ಒಳ್ಳೆಯವರಾಗಿರೋದು ಬ್ಯಾರೆ, ಎದುರಿಗಿನವರಿಗಿ ನೋವಾಗ್ತದ ಅಂತ ತಿಳಿದು ಕೈ ಹಿಂದ ತಗಿಯೋದು ಬ್ಯಾರೆ. ಅದಕ್ಕೂ ಕೆಟ್ಟದ್ದು ಅಂದ್ರ ಇದೇ ಮಾತು ಹಿಡಕೊಂಡು, ಅವರಿಗಿ ಕ್ಯಾನ್ಸರ್ ಬಂತಲ್ಲ, ಏನೋ ಮಾಡಿರ್ಬೇಕು ಅನ್ನೋದು. ಹಂಗ ಯಾವತ್ತೂ ಅನ್ನಬ್ಯಾಡ್ರಿ.

ಇನ್ನೊಬ್ಬರದು ಕಸಿದು ನಮ್ಮದು ಆಗಬಾರ್ದು

1974ರಾಗ ಅಮೆರಿಕಾದ ಮಿನಿಯಾಪೊಲಿಸ್‌ನ್ಯಾಗ ಮಾಟಗಾರಿಕಿಯ ಬ್ಯಾರೆ ಬ್ಯಾರೆ ಪಂಗಡದವರು ಸೇರಿ 13 ತತ್ವಗಳನ್ನ ಬರೆದಿಟ್ಟರು. ಅದರಾಗ 12ನೇದು ನನಗ ಎಲ್ಲಕಿಂತಾ ಮ್ಯಾಲಿನದು ಅನ್ನಿಸ್ತದ. ಇನ್ನೊಬ್ಬರ ಸಂಕಟದ ಮ್ಯಾಲ ನಾವು ಶಕ್ತಿ ಗಳಿಸಂಗಿಲ್ಲ, ಮತ್ತ ಇನ್ನೊಬ್ಬರಿಗಿ ಇಲ್ಲದಂಗ ಮಾಡಿದ್ರೇ ನಮಗ ಲಾಭ ಆಗ್ತದ ಅನ್ನೋದನ್ನ ಒಪ್ಪಂಗಿಲ್ಲ ಅಂತ ಅದರ ಸಾರ. ಈಗ ನಮ್ಮ ಕಡಿ ತಗೊಂಡು ನೋಡ್ರಿ, ಕಲ್ಯಾಣ ಕರ್ನಾಟಕದವರಿಗಿ ಇರೋ 371ಜೆ ಮೀಸಲಾತಿದಾಗ ನೌಕರಿ ಲಿಸ್ಟ್ ಬಿಡೋ ಮುಂದ ನನ್ನ ಹೆಸರು ಬರ್ಲಿ ಅಂತ ಬೇಡ್ಕೊಳ್ಳೋದು ಸರಿನೇ, ಆದ್ರ ಅವನ ಹೆಸರು ಹೋಗ್ಲಿ ಅಂತ ಒಳಗೊಳಗೇ ಸೇರಿಸ್ಕೊಂಡ್ರ ಅಲ್ಲಿಗಿ ಮುಗೀತು. ಅಣ್ತಮ್ಮರ ಹೊಲದ ಬದುವಿನ ಜಗಳದಾಗೂ ಹಂಗೇ, ನಮ್ಮ ತೊಗರಿ ಚಲೋ ಬರ್ಲಿ ಅನ್ರಿ, ಅವರ ಬೆಳಿಗಿ ಹುಳ ಬೀಳ್ಲಿ ಅನ್ನಬ್ಯಾಡ್ರಿ. ಬಾಯಿಲೆ ಅನ್ನದಿದ್ರೂ ಮನಸಿನಾಗ ಇರ್ತದ, ಅದಕ್ಕೇ ಬರೀರಿ ಅಂತ ಹೇಳೋದು, ಬರೆದ ಮ್ಯಾಲ ಮುಚ್ಚಿಡ್ಲಾಕ ಆಗಂಗಿಲ್ಲ.

ನೆಲದ ಜೋಡಿ ನಡ್ಕೊಳ್ಳೋದು

ಆ ತತ್ವಗಳ ಪೈಕಿ ಪ್ರಕೃತಿಯ ಲಯಕ್ಕ ಹೊಂದ್ಕೊಂಡು ಬಾಳಬೇಕು, ಪರಿಸರ ಕಾಪಾಡಬೇಕು ಅನ್ನೋದೂ ಅದ. ಆದ್ರ ವಿಕ್ಕಾದ ಎಂಟು ಹಬ್ಬ ಇಂಗ್ಲೆಂಡಿನ ಹವಾಕ್ಕ ತಕ್ಕಂಗ ಇಟ್ಟದ್ದು. ಮೇ 1ಕ್ಕ ಅಲ್ಲಿ ಹೂವರಳ್ತಾವ ಅಂತ ಬೆಲ್ಟೇನ್ ಹಬ್ಬ, ಅದೇ ಮೇ 1ಕ್ಕ ನಮ್ಮಲ್ಲಿ ಮಧ್ಯಾಹ್ನ ಹೊರಗ ಕಾಲಿಡ್ಲಾಕ ಆಗಂಗಿಲ್ಲ, ಬಾವಿ ಬತ್ತಿರ್ತಾವ, ದನಕ್ಕ ಮೇವಿರಂಗಿಲ್ಲ. ಆಸ್ಟ್ರೇಲಿಯಾದವರು ಋತು ಉಲ್ಟಾ ಅದ ಅಂತ ಕ್ಯಾಲೆಂಡರೇ ತಿರುಗಿಸ್ಕೊಂಡಾರ, ನಾವೂ ನಮ್ಮ ನೆಲ ನೋಡಿ ನಡೀಬೇಕು. ಡಿಸೆಂಬರ್ 21ರ ಆಸುಪಾಸು ಅವರ ಯೂಲ್, ವರ್ಷದಾಗ ಎಲ್ಲಕಿಂತಾ ಉದ್ದನ ರಾತ್ರಿ. ಹೆಚ್ಚುಕಮ್ಮಿ ಅದೇ ಕಾಲಕ್ಕ ನಮ್ಮದು ಎಳ್ಳಮಾಸಿ, ಅಂದ್ರ ಎಳ್ಳ ಅಮಾವಾಸ್ಯೆ, ಬಂಡಿ ಕಟ್ಟಿ ಇಲ್ಲಾ ಟ್ರ್ಯಾಕ್ಟರ್ ಹತ್ತಿ ಹೊಲಕ್ಕ ಹೋಗಿ, ಸಜ್ಜಿ ರೊಟ್ಟಿ, ಭಜ್ಜಿ, ಕಡಬು ನೆಲತಾಯಿಗಿ ಎಡಿ ಹಿಡಿದು, ಆ ಎಡಿಯನ್ನ ಹೊಲದ ತುಂಬ ಚರಗ ಚೆಲ್ಲಿ, ಬಂದ ಮಂದಿಗೆಲ್ಲಾ ಕೂಡ್ಸಿ ಉಣಿಸೋದು. ಮನ್ಯಾಗ ಅವ್ವ ಮಾಡೋ ಎಳ್ಳಮಾಸಿಗಿ ಹೋಗಿ ಕೈ ಹಚ್ಚಿ ಕೆಲಸ ಮಾಡ್ರಿ, ಆದ್ರ ಅದಕ್ಕ ವಿಕ್ಕಾ ಅಂತ ಹೆಸರಿಡಬ್ಯಾಡ್ರಿ, ಅದು ರೈತರ ಹಬ್ಬ, ಅದರ ಪಾಡಿಗಿ ಅದು ಇರ್ಲಿ.

ಸಾಮಾನಿನ ವಿಷಯ ಲಗೂನ ಹೇಳಿ ಮುಗಸ್ತೀನಿ. ಹೊಗಿ ಹಾಕ್ಲಾಕ ಆನ್‌ಲೈನ್‌ನ್ಯಾಗ ವೈಟ್ ಸೇಜ್ ತರಿಸಬ್ಯಾಡ್ರಿ, ಅದು ಅಮೆರಿಕಾದ ಮೂಲನಿವಾಸಿಗಳ ಪವಿತ್ರ ಗಿಡ, ಕಾಡಿನಾಗ ಕದ್ದು ಕೀಳಲತ್ತಾರ. ನಮ್ಮಲ್ಲಿ ಲೋಬಾನ ಸಿಗ್ತದ, ಬೇವಿನ ಎಲಿ ಅದ, ಸಾಕು. ಮೋಂಬತ್ತಿ ಶಹಾಬಾದ ಫರ್ಸಿ ಕಲ್ಲಿನ ಮ್ಯಾಲ ಇಡ್ರಿ, ಪರದಾ, ಹಾಸಿಗಿ ಹತ್ರ ಬ್ಯಾಡ, ಹಚ್ಚಿಟ್ಟು ಮಲಗೋದಂತೂ ಬ್ಯಾಡೇ ಬ್ಯಾಡ. ಪೂಜಾ ಮುಗಿದ ಮ್ಯಾಲ ಉಳಿದ ಮೇಣ, ಪ್ಲಾಸ್ಟಿಕ್ ಎಲ್ಲಾ ಕಲಬುರಗಿಯ ಅಪ್ಪನ ಕೆರಿಗಿ ಒಯ್ದು ಒಗೀಬ್ಯಾಡ್ರಿ.

ಗುರು ಅಂತ ಹೇಳ್ಕೊಂಡು ಬಂದವರನ್ನ ನೋಡೋದು

ಗಾರ್ಡ್ನರ್ ಪರಂಪರಿಯಾಗ ದೀಕ್ಷಾ ಕೊಡ್ಲಾಕ ರೊಕ್ಕ ತಗೊಳ್ಳಂಗಿಲ್ಲ, ಬಹಳಷ್ಟು ಗುಂಪಿನವರು 18 ವರ್ಷ ಆಗದವರನ್ನ ಸೇರಿಸ್ಕೊಳ್ಳಂಗೂ ಇಲ್ಲ. ಹಂಗಿದ್ದಾಗ ಯಾರರೇ ದೀಕ್ಷಾಕ್ಕ ಇಷ್ಟು ಸಾವಿರ ಫೋನ್‌ಪೇ ಮಾಡು ಅಂದ್ರ, ನಿನ್ನ ಮ್ಯಾಲ ಯಾರೋ ಮಾಡಿಸ್ಯಾರ, ನಾ ತಗೀತೀನಿ ಅಂದ್ರ, ಮೈ ಮುಟ್ಟೋದು ವಿಧಾನದಾಗ ಅದ ಅಂದ್ರ, ಮನ್ಯಾಗ ಹೇಳಬ್ಯಾಡ ಅಂದ್ರ, ಅಲ್ಲಿಂದ ಎದ್ದು ಬರ್‍ರಿ, ನಂಬರ್ ಬ್ಲಾಕ್ ಮಾಡ್ರಿ. ಗುಟ್ಟು ಅನ್ನೋದು ವಿಕ್ಕಾದಾಗ ಖರೆನೇ ಅದ, ಆದ್ರ ಅದರ ಅರ್ಥ ಜೋಡಿ ಇದ್ದವರ ಹೆಸರು ಅವರಿಗಿ ಕೇಳದೇ ಹೊರಗ ಹೇಳಬಾರ್ದು ಅಂತ, ಯಾಕಂದ್ರ ಅವರ ನೌಕರಿ, ಮದವಿ, ಮನಿ ಬಾಡಗಿ ಎಲ್ಲಕ್ಕೂ ಪೆಟ್ಟು ಬೀಳ್ತದ. ತಪ್ಪು ಮುಚ್ಚಲಿಕ್ಕ ಇರೋದಲ್ಲ ಅದು.

ಬಾನಾಮತಿ ಮಾತು ಬಂದಾಗ

ಇದು ಇಂಗ್ಲೆಂಡಿನವರಿಗಿ ಬೇಕಾಗಂಗಿಲ್ಲ, ನಮಗ ಬೇಕೇ ಬೇಕು. ಮನಿ ಮ್ಯಾಲ ಕಲ್ಲು ಬಿದ್ದವು, ಅರಿವಿಗಿ ಬೆಂಕಿ ಹತ್ತಿತು, ಸೊಸಿ ನಾಯಿ ಬೊಗಳಿದಂಗ ಬೊಗಳಲತ್ತಾಳ, ಯಾರೋ ಬಾನಾಮತಿ ಮಾಡ್ಯಾರ ಅಂತ ನಮ್ಮ ಹಳ್ಳಿಗೋಳಾಗ ಎಷ್ಟೋ ವರ್ಷದಿಂದ ಕೇಳ್ಕೊಂಡು ಬಂದೀವಿ. ಆಮ್ಯಾಲ ಒಬ್ಬರ ಹೆಸರು ಬರ್ತದ, ಹೆಸರು ಬಂದವರಿಗಿ ಹೊಡೀತಾರ, ಊರು ಬಿಡಸ್ತಾರ. ನೀವು ವಿಕ್ಕಾ ನಂಬೋರಾಗಿದ್ರ ಯಾರಿಗೂ ಕೇಡಾಗಬಾರ್ದು ಅನ್ನೋದು ಮೊದಲ ಇಲ್ಲೇ ಕೆಲಸಕ್ಕ ಬರ್ಬೇಕು. ಚೌಕಿನಾಗ ನಿಂಬಿಹಣ್ಣು, ಕುಂಕುಮ, ಗೊಂಬಿ ಇಟ್ಟು ಫೋಟೋ ತಗಿಯೋದು ಬ್ಯಾಡ, ನಾ ಮಾಟಗಾತಿ ಅಂತ ಸ್ಟೇಟಸ್ ಇಟ್ಟು ಓಣ್ಯಾಗ ಹೆದರಿಸೋದು ಬ್ಯಾಡ, ನಿಮಗ ಅದು ಹೆಮ್ಮಿ ಇರಬಹುದು, ನಾಳಿ ಯಾರದರೇ ಮಗುವಿಗಿ ಜ್ವರ ಬಂದ್ರ ಆ ಚೌಕಿನ ಎದುರುಮನಿ ಮುದುಕಿ ಮ್ಯಾಲ ಬರ್ತದ. ಅವರೇ ಮಾಡ್ಯಾರ ಅಂತ ಮಂದಿ ಅನ್ಲತ್ತಿದ್ರ ಸುಮ್ಮ ಕೂಡಬ್ಯಾಡ್ರಿ, ಅವರ ಮನ್ಯಾಗ ಹೋಗಿ ಚಾ ಕುಡೀರಿ, ನಾಕು ಮಂದಿ ನೋಡೋಹಂಗ ಅವರ ಜೋಡಿ ಕಟ್ಟಿ ಮ್ಯಾಲ ಕೂಡ್ರಿ. ಜಗಳ ಏರ್‍ತದ ಅನ್ನಿಸಿದ್ರ 112ಕ್ಕ ಫೋನ್ ಹಚ್ರಿ. ನಮ್ಮ ರಾಜ್ಯದಾಗ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯೋ 2017ರ ಕಾಯ್ದೆ ಅದ, 2020ರ ಜನವರಿಯಿಂದ ಜಾರಿಯಾಗ್ಯದ, ದೆವ್ವ ಬಿಡಸ್ತೀನಿ ಅಂತ ಹೊಡೆಯೋದು, ಹಾವು ಕಡಿದವರನ್ನ ದವಾಖಾನಿಗಿ ಒಯ್ಯದೇ ಮಂತ್ರ ಹಾಕೋದು, ಇವೆಲ್ಲಾ ಅದರ ಪ್ರಕಾರ ಅಪರಾಧ.

ಮತ್ತ ಬೊಗಳಲತ್ತಾಳ, ಮೈಮ್ಯಾಲ ಬಂದದ ಅಂತ ಹೇಳ್ತಾರಲ್ಲ ಆ ಸೊಸಿಗಿ, ನಾಟಕ ಮಾಡ್ತಾಳ ಅಂತ ಬೈಯಬ್ಯಾಡ್ರಿ. ಅಕಿಗಿ ಮನಿಯಾಗ ಹೇಳ್ಲಾಕ ಆಗದ ಸಂಕಟ ಎಷ್ಟಿರ್ತದೋ, ಯಾರಿಗಿ ಗೊತ್ತು. ಮಂದಿ ಇಲ್ದಾಗ ಹಂತೇಕ ಕೂತು ಕೇಳ್ರಿ, ಅಕಿ ಹ್ಞೂಂ ಅಂದ್ರ ಕಲಬುರಗಿಯ ಜಿಮ್ಸ್ ಇಲ್ಲಾ ಬೀದರದ ಬ್ರಿಮ್ಸ್ ಸರ್ಕಾರಿ ದವಾಖಾನಿಗಿ ಕರ್ಕೊಂಡು ಹೋಗಿ ಮನೋರೋಗದ ಡಾಕ್ಟರಿಗಿ ತೋರಿಸ್ರಿ. ಹೋಗ್ಲಾಕ ಅಕಿ ತಯಾರಿಲ್ಲಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗಿ ಪುಕ್ಕಟೆ ಫೋನ್ ಹಚ್ಚಿ ಕನ್ನಡದಾಗೇ ಮಾತಾಡಬಹುದು, ಫೋನ್ ಅಕಿ ಕೈಗಿ ಕೊಟ್ಟು ನೀವು ಹೊರಗ ಕೂಡ್ರಿ.