ನಾಲ್ಕೂ ಗಾಲಿ ಎಳೆಯುವ ಡೀಸೆಲ್ ಗಾಡಿ: ಬೆಳಗಾವಿ ಸೀಮೆಯಲ್ಲಿ ಸಾಕುವುದು ಹೇಗೆ?

ಬೆಳಗಾವಿಯಿಂದ ಪಶ್ಚಿಮಕ್ಕೆ ತಾಸು, ಒಂದೂವರೆ ತಾಸು ಹೋದರೆ ಕಣಕುಂಬಿಯ ಮಳೆ, ಮಂಜು, ಚೋರ್ಲಾ ಘಾಟು. ಪೂರ್ವಕ್ಕೆ ಅಷ್ಟೇ ಹೊತ್ತು ಹೋದರೆ ಬೈಲಹೊಂಗಲ, ಸವದತ್ತಿಯ ಯರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ನಡುವೆ ಶಹರ: ಖಡೇಬಜಾರಿನ ಗದ್ದಲ, ಟಿಳಕವಾಡಿಯ ರೈಲ್ವೆ ಗೇಟು, ಮಕ್ಕಳ ಸ್ಕೂಲು, ಸಂಜೆಯ ಕಾಯಿಪಲ್ಲೆ. ಏಳು ಮಂದಿ ಕೂರುವ, ನಾಲ್ಕೂ ಗಾಲಿಗೆ ಎಳೆತವಿರುವ ಡೀಸೆಲ್ ಕಾರನ್ನು ಜನ ಕೊಳ್ಳುವುದು ಘಾಟು ಮತ್ತು ಹೊಲವನ್ನು ನೆನೆದು. ಅದು ಹೆಚ್ಚಾಗಿ ಕೆಡುವುದು ಶಹರದಲ್ಲಿ. ಈ ಲೇಖನದ ಬಹುಪಾಲು ಅದರ ಬಗ್ಗೆಯೇ.

1. ಮೊದಲು ನಿಮ್ಮ ಗಾಡಿ ಯಾವ ಜಾತಿಯದು ನೋಡಿಕೊಳ್ಳಿ

ಗಾಡಿ ಎತ್ತರವಿದ್ದ ಮಾತ್ರಕ್ಕೆ ನಾಲ್ಕೂ ಗಾಲಿ ಎಳೆಯುವುದಿಲ್ಲ. ಇನ್ನೋವಾ ಕ್ರಿಸ್ಟಾದಲ್ಲಿ ಎಳೆಯುವುದು ಹಿಂದಿನ ಎರಡು ಗಾಲಿ. 2021ರಲ್ಲಿ ಬಂದ ಟಾಟಾ ಸಫಾರಿ ಡೀಸೆಲ್‌ನಲ್ಲಿ ಮುಂದಿನ ಎರಡು. ಕೆಸರಲ್ಲಿ ಇಳಿದ ಮೇಲೆ ಇದು ಗೊತ್ತಾಗುವುದಕ್ಕಿಂತ ಆರ್‌ಸಿ ಮತ್ತು ಮ್ಯಾನ್ಯುಯಲ್ ನೋಡಿ ಇವತ್ತೇ ತಿಳಿದುಕೊಳ್ಳುವುದು ವಾಸಿ.

ನಿಜವಾಗಿ ನಾಲ್ಕೂ ಗಾಲಿ ಎಳೆಯುವ ಗಾಡಿಗಳಲ್ಲಿ ಎರಡು ಬಗೆ. ಎಕ್ಸ್‌ಯುವಿ 700ರ ಡೀಸೆಲ್ ಆಟೊಮ್ಯಾಟಿಕ್‌ನಲ್ಲಿ ಬಂದ ಆಲ್ ವೀಲ್ ಡ್ರೈವ್ ಮಾದರಿಯಂಥವು ಒಂದು. ಇವು ಸಾಮಾನ್ಯವಾಗಿ ಮುಂದಿನ ಗಾಲಿಯಿಂದ ಓಡುತ್ತವೆ. ಮುಂದೆ ಜಾರಿದಾಗ ಒಂದು ಕ್ಲಚ್ ಬಿಗಿದು ಹಿಂದಿನ ಗಾಲಿಗೂ ಶಕ್ತಿ ಹೋಗುತ್ತದೆ. ನೀವು ಏನೂ ಒತ್ತಬೇಕಿಲ್ಲ. ಇನ್ನೊಂದು ಫಾರ್ಚೂನರ್, ಸ್ಕಾರ್ಪಿಯೊ-ಎನ್‌ನ ಫೋರ್ ಬೈ ಫೋರ್ ಬಗೆ. ಇಲ್ಲಿ ನೀವೇ ಸ್ವಿಚ್ ತಿರುಗಿಸಬೇಕು. ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಗೇರ್ ಕೂಡ ಇರುತ್ತದೆ. ಈ ಎರಡನೆಯದನ್ನು ಒಣ ಡಾಂಬರು ರಸ್ತೆಯಲ್ಲಿ ನಾಲ್ಕು ಗಾಲಿಯ ಮೋಡಿನಲ್ಲಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳುತ್ತದೆ; ಆ ವ್ಯತ್ಯಾಸವನ್ನು ತಾಳಿಕೊಳ್ಳಲು ನಡುವೆ ಡಿಫರೆನ್ಶಿಯಲ್ ಇಲ್ಲದ ಕಾರಣ ಶಾಫ್ಟು, ಗೇರು ಒಳಗೊಳಗೇ ಹಿಂಡಿಕೊಳ್ಳುತ್ತವೆ. ಸ್ಟೇರಿಂಗ್ ಗಟ್ಟಿಯಾಗಿ ಗಾಡಿ ಜಗ್ಗಿದಂತಾದರೆ ಅದೇ ಲಕ್ಷಣ.

2. ವಾರಕ್ಕೊಮ್ಮೆಯಾದರೂ ಹೈವೇ ತೋರಿಸಿ

2020ರ ಏಪ್ರಿಲ್ 1ರಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಅಂದಿನಿಂದ ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಜಾಲರಿ ಕೂತಿದೆ. ಹೊಗೆಯಲ್ಲಿನ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದ ಮಸಿಯನ್ನು ಆಗಾಗ ಸುಡಬೇಕು, ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಮನೆಯಿಂದ ಸ್ಕೂಲಿಗೆ ಎರಡು ಕಿಲೊಮೀಟರ್, ನಡುವೆ ಎರಡನೇ ರೈಲ್ವೆ ಗೇಟಿನಲ್ಲಿ ಎಸಿ ಹಾಕಿಕೊಂಡು ಹತ್ತು ನಿಮಿಷ ನಿಂತು, ಮತ್ತೆ ವಾಪಸ್ಸು: ಈ ಓಡಾಟದಲ್ಲಿ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಮಸಿ ಮಾತ್ರ ತುಂಬುತ್ತಾ ಹೋಗುತ್ತದೆ.

ಜಾಲರಿ ಒಂದು ಮಟ್ಟಕ್ಕೆ ತುಂಬಿದಾಗ ಗಾಡಿಯ ಕಂಪ್ಯೂಟರ್ ತಾನೇ ಹೆಚ್ಚು ಡೀಸೆಲ್ ಬಿಟ್ಟು ಮಸಿ ಸುಡಲು ಶುರು ಮಾಡುತ್ತದೆ. ಇದಕ್ಕೆ ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ. ಹಲವು ಗಾಡಿಗಳಲ್ಲಿ ಆಗ ಯಾವ ದೀಪವೂ ಹತ್ತುವುದಿಲ್ಲ, ಲಕ್ಷಣ ನೀವೇ ಹಿಡಿಯಬೇಕು. ನಿಂತಲ್ಲಿ ಆರ್‌ಪಿಎಂ ಕೊಂಚ ಮೇಲಿರುತ್ತದೆ, ಪರದೆಯ ಮೇಲೆ ಮೈಲೇಜ್ ಒಮ್ಮೆಲೇ ಕುಸಿಯುತ್ತದೆ, ಗಾಡಿ ಬಂದ್ ಮಾಡಿದ ಮೇಲೂ ಮುಂದಿನ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಸುಟ್ಟ ಲೋಹದಂಥ ವಾಸನೆ ಬರುತ್ತದೆ. ಇವು ಕಂಡರೆ ಮನೆ ಬಂತೆಂದು ಕೀಲಿ ತಿರುಗಿಸಬೇಡಿ. ಇನ್ನೊಂದು ಸುತ್ತು ಹಾಕಿ ಬನ್ನಿ.

ಅರ್ಧಕ್ಕೇ ಮೇಲಿಂದ ಮೇಲೆ ನಿಲ್ಲಿಸಿದರೆ ಏನಾಗುತ್ತದೆ? ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಇಂಜಿನ್ ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರಿದ್ದು ಕಂಡರೆ ಖುಷಿಪಡಬೇಡಿ. ಅದು ತೆಳುವಾದ ಆಯಿಲ್, ಟರ್ಬೊದ ಬೇರಿಂಗಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಗರಿಷ್ಠ ಗೆರೆ ದಾಟಿದ್ದರೆ ಸರ್ವಿಸ್ ತಾರೀಖು ಕಾಯದೆ ಬದಲಿಸಿ.

ಮಾಡಬೇಕಾದ್ದು ಸರಳ. ರವಿವಾರ ಬೆಳಿಗ್ಗೆ 48ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹಿರೇಬಾಗೇವಾಡಿ ದಾಟಿ ಕಿತ್ತೂರಿನ ಕಡೆ ಹೋಗಿ ಬನ್ನಿ. ಬಿಸಿಯಾದ ಇಂಜಿನ್, 60ರಿಂದ 80ರ ವೇಗ, ಒಂದು ಗೇರು ಕಡಿಮೆ ಇಟ್ಟು 2,000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಸಾಕು. ದಾರಿಯಲ್ಲಿ ನಾಷ್ಟಾ ಮಾಡಿದರೆ ಅವ್ವನಿಗೂ ಸಮಾಧಾನ. ಡಿಪಿಎಫ್ ದೀಪ ಹತ್ತಿದ್ದರೂ ಇದೇ ಮದ್ದು. ದೀಪ ಮಿಣುಕುತ್ತಿದ್ದರೆ ಅಥವಾ ಅದರ ಜೊತೆ ಇಂಜಿನ್ ದೀಪವೂ ಹತ್ತಿದ್ದರೆ ಮಾತ್ರ ಹೈವೇ ಬಿಟ್ಟು ವರ್ಕ್‌ಶಾಪಿಗೆ ಹೋಗಿ. ಅಲ್ಲಿ ಕಂಪ್ಯೂಟರ್ ಹಚ್ಚಿ ಸುಡಿಸುತ್ತಾರೆ.

ಮಸಿ ಸುಟ್ಟುಹೋಗುತ್ತದೆ, ಬೂದಿ ಉಳಿಯುತ್ತದೆ. ಆ ಬೂದಿ ಬರುವುದು ಬಹುಪಾಲು ಇಂಜಿನ್ ಆಯಿಲಿನಿಂದ. ಅದಕ್ಕೇ ಕಂಪನಿ ಹೇಳಿದ ಕಡಿಮೆ ಬೂದಿಯ ಆಯಿಲ್ ಹೊರತು ಬೇರೆ ಹಾಕಿಸಬೇಡಿ, ಟ್ರ್ಯಾಕ್ಟರಿಗೆ ತಂದ ಡಬ್ಬಿಯಲ್ಲಿ ಉಳಿದದ್ದಂತೂ ಬೇಡವೇ ಬೇಡ. ‘ಜಾಲರಿ ತೆಗೆಸಿಬಿಡ್ರಿ, ಪಿಕಪ್ ಬರತೈತಿ’ ಎನ್ನುವವರು ಪ್ರತಿ ಗ್ಯಾರೇಜಿನ ಮುಂದೆ ಸಿಗುತ್ತಾರೆ. ಅದು ಕಾನೂನುಬಾಹಿರ, ಹೊಗೆ ನಮ್ಮದೇ ಓಣಿಯ ಮಕ್ಕಳ ಮೂಗಿಗೆ.

ನಿಮ್ಮ ದಿನದ ಓಡಾಟ ಬರೀ ಶಹರದೊಳಗೆ ಅಂದರೆ ನನ್ನ ಅಭಿಪ್ರಾಯ ನೇರ: ಈ ಗಾಡಿ ಬೇಡ, ಪೆಟ್ರೋಲ್ ಕೊಳ್ಳಿ. ಈಗಾಗಲೇ ಕೊಂಡಿದ್ದರೆ ಸ್ಕೂಲಿಗೆ ಸ್ಕೂಟಿ ಕಳಿಸಿ.

3. ನೀಲಿ ಮುಚ್ಚಳ ಇದೆಯೇ?

ಕೆಲವು ಗಾಡಿಗಳಲ್ಲಿ ಡೀಸೆಲ್ ಮುಚ್ಚಳದ ಪಕ್ಕ ಇನ್ನೊಂದು ನೀಲಿ ಮುಚ್ಚಳ ಇರುತ್ತದೆ. ಅದು ಡಿಇಎಫ್‌ಗೆ, ಅಂದರೆ ಹೊಗೆ ಶುದ್ಧ ಮಾಡಲು ಬಳಸುವ, ಶುದ್ಧ ನೀರಿನಲ್ಲಿ 32.5% ಯೂರಿಯಾ ಕಲಸಿದ ದ್ರಾವಣಕ್ಕೆ. ಖಾಲಿಯಾಗಲು ಬಿಟ್ಟರೆ ಒಮ್ಮೆ ಬಂದ್ ಮಾಡಿದ ಗಾಡಿ ಮತ್ತೆ ಚಾಲೂ ಆಗುವುದಿಲ್ಲ, ಹಾಗೆಂದೇ ಅದನ್ನು ಮಾಡಿದ್ದಾರೆ. ನಮ್ಮ ಕಡೆ ಮನೆಮನೆಯಲ್ಲೂ ಯೂರಿಯಾ ಚೀಲ ಇರುತ್ತದಲ್ಲ, ಅದನ್ನೇ ಕರಗಿಸಿ ಹಾಕಿದರೇನು ಎಂದು ಕೇಳುವವರುಂಟು. ಬೇಡ. ಗೊಬ್ಬರದ ಯೂರಿಯಾಕ್ಕೆ 2015ರಿಂದ ಪೂರ್ತಿ ಬೇವಿನೆಣ್ಣೆಯ ಲೇಪನವಿದೆ. ಆ ಎಣ್ಣೆ ದ್ರಾವಣ ಚಿಮ್ಮುವ ನಳಿಕೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಎರಡನ್ನೂ ಕೆಡಿಸುತ್ತದೆ. ಡಿಇಎಫ್ ಅಪ್ಪಿತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀಲಿಯನ್ನೂ ತಿರುಗಿಸದೆ ಫೋನ್ ಮಾಡಿ.

4. ನಾಲ್ಕು ಟೈರೂ ಒಂದೇ ಅಳತೆಯಲ್ಲಿರಲಿ

ಎರಡು ಗಾಲಿ ಎಳೆಯುವ ಗಾಡಿಗೆ ಒಂದು ಟೈರು ಹರಿದರೆ ಒಂದನ್ನು ತಂದು ಹಾಕಿ ಮರೆಯಬಹುದು. ಇಲ್ಲಿ ಹಾಗಾಗದು. ಹೊಸ ಟೈರಿನ ಸುತ್ತಳತೆ ಸವೆದದ್ದಕ್ಕಿಂತ ದೊಡ್ಡದು, ಹಾಗಾಗಿ ಗಾಲಿಗಳು ಬೇರೆಬೇರೆ ವೇಗದಲ್ಲಿ ತಿರುಗುತ್ತವೆ. ಗಾಲಿ ಜಾರುತ್ತಿದೆ ಎಂದು ತಿಳಿದು, ಹಿಂದಿನ ಗಾಲಿಗೆ ಶಕ್ತಿ ಕಳಿಸುವ ಆ ಕ್ಲಚ್ ದಿನವಿಡೀ ದುಡಿದು ಬಿಸಿಯಾಗುತ್ತದೆ. ಉಳಿದ ಟೈರು ಅರ್ಧ ಸವೆದಿದ್ದರೆ ನಾಲ್ಕನ್ನೂ ಬದಲಿಸಿ. 8ರಿಂದ 10 ಸಾವಿರ ಕಿಲೊಮೀಟರಿಗೊಮ್ಮೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಮಾಡಿಸಿ. ಸ್ಟೆಪ್ನಿ ಉಳಿದವಕ್ಕಿಂತ ಸಣ್ಣದಾಗಿದ್ದರೆ ಅದು ಪಂಕ್ಚರ್ ಅಂಗಡಿಯವರೆಗೆ ಮಾತ್ರ, ಗೋವಾದವರೆಗೆ ಅಲ್ಲ.

ಗಾಳಿ ಹಾಕುವವನು ಕೇಳದೆಯೇ ‘ನಲವತ್ತ ಹಾಕೇನ್ರಿ’ ಅನ್ನುತ್ತಾನೆ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿ ತೋರಿಸಿ. ಮೂರನೇ ಸಾಲು ತುಂಬಿ ಜಾತ್ರೆಗೆ ಹೊರಟಾಗ ಎಷ್ಟು, ಒಬ್ಬರೇ ಇದ್ದಾಗ ಎಷ್ಟು ಎಂದು ಅದರಲ್ಲೇ ಇರುತ್ತದೆ. ಹೊಲದ ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿ ಒಳಗೇ ಮುರಿಯುತ್ತದೆ, ಗಾಳಿ ಎರಡು ಮೂರು ದಿನ ಮೆಲ್ಲಗೆ ಇಳಿಯುತ್ತದೆ. ಒಂದೇ ಗಾಲಿ ಪದೇಪದೇ ಇಳಿಯುತ್ತಿದ್ದರೆ ಗಾಳಿ ಹಾಕುತ್ತಾ ಕೂರದೆ ಮುಳ್ಳು ಹುಡುಕಿಸಿ.

5. ಯರಿ ಹೊಲಕ್ಕೆ ಇಳಿಯುವ ಮುನ್ನ ಇಳಿದು ನೋಡಿ

ಶೀಗಿ ಹುಣ್ಣಿಮೆಯ ಹೊತ್ತಿಗೆ ಮಳೆ ಹಿಂದೆ ಸರಿದು ಹೊಲದ ಮೇಲೆ ಒಣ ಪದರು ಕಟ್ಟಿರುತ್ತದೆ, ನಾಲ್ಕು ಬೆರಳು ಕೆಳಗೆ ಹಸಿ. ಭೂತಾಯಿಗೆ ಎಡೆ ಹಿಡಿದು ಹೊಲಕ್ಕೆ ಚರಗ ಚೆಲ್ಲಲು ಹೋದ ಮನೆಮಂದಿಯ ಗಾಡಿ ಹುಗಿಯುವುದು ಇದೇ ದಿನ. ಬೈಲಹೊಂಗಲದ ಕಡೆ ನಾನು ಕಂಡದ್ದು: ರೊಟ್ಟಿ, ಕಡುಬಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹೆಂಗಸರು ಒಳಗೇ ಕೂತಿದ್ದಾರೆ, ಹುಡುಗ ಎಕ್ಸಲೇಟರ್ ತುಳಿಯುತ್ತಿದ್ದಾನೆ, ನಾಲ್ಕೂ ಗಾಲಿ ನಿಂತಲ್ಲೇ ತಿರುಗುತ್ತಿವೆ. ಬದುವಿನ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿದ ಹಿರಿಯರೊಬ್ಬರು ಕೂಗಿದರು: ‘ರೇಸ್ ಮಾಡಬ್ಯಾಡೋ ತಮ್ಮಾ, ಅದು ಮುಂದ ಹೋಗಾಂಗಿಲ್ಲ, ಕೆಳಗ ಹೊಕ್ಕೈತಿ.’

‘ಕಾಕಾ, ಇದು ಫೋರ್ ಬೈ ಫೋರ್ ಐತ್ರಿ.’

‘ಇರ್ಲಿ ಬಿಡು. ನಾಲ್ಕೂ ರಾಡ್ಯಾಗ ಅದಾವಲ್ಲ.’

ಕಾಕಾ ಹೇಳಿದ್ದರಲ್ಲೇ ಎಲ್ಲ ಇದೆ. ಯರಿ ಮಣ್ಣು ಟೈರಿನ ಗೆರೆಗಳಲ್ಲಿ ತುಂಬಿಕೊಂಡು ಟೈರನ್ನು ಲಟ್ಟಣಿಗೆಯಷ್ಟು ನುಣ್ಣಗೆ ಮಾಡುತ್ತದೆ. ಹಿಡಿತವೇ ಇಲ್ಲದಲ್ಲಿ ಎಷ್ಟು ಗಾಲಿಗೆ ಶಕ್ತಿ ಕೊಟ್ಟರೂ ಅಷ್ಟೇ. ಹಾಗಾಗಿ ದಾರಿ ಬಿಡುವ ಮುನ್ನ ಕೆಳಗಿಳಿದು ಹಿಮ್ಮಡಿ ಒತ್ತಿ ನೋಡಿ. ಮಣ್ಣು ಚಪ್ಪಲಿಗೆ ಮೆತ್ತಿಕೊಂಡರೆ ಗಾಡಿ ಅಲ್ಲೇ ನಿಲ್ಲಲಿ, ಚರಗಕ್ಕೆ ನಡೆದೇ ಹೋಗಬಹುದು.

ಹುಗಿದೇ ಬಿಟ್ಟರೆ ಮೊದಲು ಎಲ್ಲರನ್ನೂ ಇಳಿಸಿ. ಗಾಲಿ ಮುಂದಿನ ಮಣ್ಣು ಕೆದರಿ ಕಣಿಕಿ ಇಲ್ಲವೇ ಗೋಣಿಚೀಲ ಹಾಸಿ. ಟ್ರ್ಯಾಕ್ಷನ್ ಕಂಟ್ರೋಲ್ ಗಾಲಿಯನ್ನು ತಡೆಯುತ್ತಿದ್ದರೆ ಅದರ ಸ್ವಿಚ್ ಬಂದ್ ಮಾಡಿ, ಬಂದ ದಾರಿಯಲ್ಲೇ ಹಿಂದಕ್ಕೆ, ನಿಧಾನಕ್ಕೆ ತೆಗೆಯಿರಿ. ಆಗದಿದ್ದರೆ ಟ್ರ್ಯಾಕ್ಟರ್ ಇದ್ದೇ ಇದೆ. ಹಗ್ಗವನ್ನು ಬಂಪರಿಗೆ, ಆಕ್ಸಲಿಗೆ ಕಟ್ಟಬೇಡಿ. ಹಲವು ಗಾಡಿಗಳ ಟೂಲ್ ಚೀಲದಲ್ಲಿ ತಿರುಪಿನ ಕೊಕ್ಕೆಯೊಂದಿರುತ್ತದೆ, ಬಂಪರಿನ ಸಣ್ಣ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಹಾಕಿ. ಎಳೆಯುವಾಗ ಹಗ್ಗದ ಹತ್ತಿರ ಮಕ್ಕಳು ನಿಲ್ಲಬಾರದು.

ಮನೆಗೆ ಬಂದ ದಿನವೇ ಗಾಲಿಯ ಒಳಬದಿಗೆ ನೀರು ಹೊಡೆಯಿರಿ. ರಿಮ್ಮಿನೊಳಗೆ ಒಣಗಿದ ಯರಿ ಹೆಂಟೆ ಉಳಿದರೆ 80ರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡುವ ಮುಂಚೆ ಅಲ್ಲಿ ಕೈ ಹಾಕಿ ನೋಡಿ.

6. ಘಾಟಿನಲ್ಲಿ ಇಳಿಯುವಾಗ ಗೇರಿನ ಮೇಲೆ ಭಾರ ಹಾಕಿ

ನಾಲ್ಕೂ ಗಾಲಿ ಎಳೆಯುತ್ತವೆ ಎಂಬುದು ಏರಲು, ಹೊರಡಲು ನೆರವಾಗುತ್ತದೆ. ನಿಲ್ಲಿಸುವ ಕೆಲಸ ಎಲ್ಲ ಕಾರುಗಳಲ್ಲೂ ನಾಲ್ಕು ಗಾಲಿಯ ಬ್ರೇಕಿನದೇ, ಮತ್ತು ಇದು ಏಳು ಮಂದಿ ಕೂತರೆ ಎರಡು ಟನ್ ದಾಟುವ ಗಾಡಿ. ಜಾಂಬೋಟಿ, ಕಣಕುಂಬಿ ದಾಟಿ ಸಾಂಖಳಿಯ ಕಡೆ ಇಳಿಯುವಾಗ ಆಟೊಮ್ಯಾಟಿಕ್ ಗೇರನ್ನು ‘ಡಿ’ಯಲ್ಲೇ ಬಿಟ್ಟು ಬ್ರೇಕ್ ತುಳಿಯುತ್ತಾ ಹೋಗಬೇಡಿ. ಮ್ಯಾನ್ಯುಯಲ್ ಮೋಡಿಗೆ ತಂದು ಎರಡು ಅಥವಾ ಮೂರನೇ ಗೇರಿನಲ್ಲಿಡಿ. ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಿ, ಕಾದ ಡಿಸ್ಕಿಗೆ ನೀರು ಹಾಕಬೇಡಿ. ಜುಲೈ ಮಂಜಿನಲ್ಲಿ ಲೋ ಬೀಮ್ ಮತ್ತು ಫಾಗ್ ಲ್ಯಾಂಪ್ ಸಾಕು. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಹೋಗುವವರಿಂದ ಹಿಂದಿನವನಿಗೆ ತಿರುವು ಯಾವ ಕಡೆ ಎಂದೇ ತಿಳಿಯುವುದಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಗೋಕಾಕ, ಅಥಣಿ, ಮುಧೋಳದ ರಸ್ತೆಗಳಲ್ಲಿ ರಾತ್ರಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಹಿಂದೆ ಎಷ್ಟೋ ಸಲ ಒಂದು ರಿಫ್ಲೆಕ್ಟರೂ ಇರುವುದಿಲ್ಲ. ಎಷ್ಟು ಗಾಲಿ ಎಳೆದರೂ ಅದರ ಹಿಂದೆ ನಿಲ್ಲಿಸುವ ದೂರ ಕಡಿಮೆಯಾಗದು.

7. ಸೇತುವೆಯ ಮೇಲೆ ನೀರಿದ್ದರೆ ತಿರುಗಿ ಬನ್ನಿ

ಗೋಕಾಕದ ಲೋಳಸೂರ ಸೇತುವೆ, ಚಿಕ್ಕೋಡಿ ಕಡೆಯ ಕಲ್ಲೋಳ–ಯಡೂರ ಸೇತುವೆ ಮಳೆಗಾಲದಲ್ಲಿ ಮುಳುಗುವ ಸುದ್ದಿ ಹೊಸತಲ್ಲ. ಡೀಸೆಲ್ಲಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ನೀರಲ್ಲೂ ಓಡುತ್ತದೆ ಎಂಬ ಧೈರ್ಯ ಅರ್ಧ ಸತ್ಯ. ಗಾಳಿ ಎಳೆಯುವ ಕೊಳವೆಗೆ ನೀರು ಹೊಕ್ಕರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹರಿಯುವ ನೀರು ಎರಡು ಅಡಿ ಇದ್ದರೆ ದೊಡ್ಡ ಗಾಡಿಯನ್ನೂ ಎತ್ತಿ ತಳ್ಳುತ್ತದೆ. ನೀರಲ್ಲಿ ಬಂದ್ ಬಿದ್ದ ಗಾಡಿಯನ್ನು ಮತ್ತೆ ಚಾಲೂ ಮಾಡಬೇಡಿ. ಹಾಗೆ ಮಾಡಿ ಇಂಜಿನ್ ಹೋದರೆ ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಇಲ್ಲದ ಸಾದಾ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಆಳ ನೀರು ದಾಟಿದ್ದರೆ ಹಿಂದಿನ ಡಿಫರೆನ್ಶಿಯಲ್ ಆಯಿಲ್ ತೆಗೆಸಿ ನೋಡಿ. ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಸೇರಿದೆ.

8. ಸರ್ವಿಸ್ ಚೀಟಿಯಲ್ಲಿ ಬರೆಸಬೇಕಾದ್ದು

ಇಂಜಿನ್ ಆಯಿಲ್ ಎಲ್ಲರೂ ಬದಲಿಸುತ್ತಾರೆ. ಹಿಂದಿನ ಡಿಫರೆನ್ಶಿಯಲ್, ಮುಂದೆ-ಹಿಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಕ್ಲಚ್‌ನ ಆಯಿಲ್ ಮರೆತುಹೋಗುತ್ತದೆ, ಏಕೆಂದರೆ ವರ್ಕ್‌ಶಾಪಿಗೆ ಬರುವ ಎಷ್ಟೋ ಗಾಡಿಗಳಿಗೆ ಅವು ಇರುವುದೇ ಇಲ್ಲ. ಎಷ್ಟು ಕಿಲೊಮೀಟರಿಗೆ ಎಂದು ಮ್ಯಾನ್ಯುಯಲ್ಲಿನಲ್ಲಿ ನೋಡಿ, ಚೀಟಿಯಲ್ಲಿ ನೀವೇ ಬರೆಸಿ. ಮಣ್ಣಿನ ದಾರಿಯ ಓಡಾಟ ಹೆಚ್ಚಿದ್ದರೆ ಏರ್ ಫಿಲ್ಟರ್ ಅವಧಿಗಿಂತ ಮೊದಲೇ ತೆಗೆಸಿ ನೋಡಿ. ತೋಟದ ಮನೆಯ ಕ್ಯಾನಿನಿಂದ ಡೀಸೆಲ್ ಹಾಕಬೇಡಿ, ಅದರ ತಳದ ನೀರು ಇಂಜೆಕ್ಟರಿಗೆ ಹೋಗುತ್ತದೆ.

ಗಾಡಿ ದಾರಿಯಲ್ಲಿ ನಿಂತು ಟೋಯಿಂಗ್‌ಗೆ ಫೋನ್ ಮಾಡಿದಾಗ ‘ಆಲ್ ವೀಲ್ ಡ್ರೈವ್ ಇದೆ, ಫ್ಲ್ಯಾಟ್‌ಬೆಡ್ ಕಳಿಸಿ’ ಎಂದು ಮೊದಲೇ ಹೇಳಿ. ಮುಂದಿನ ಎರಡು ಗಾಲಿ ಮಾತ್ರ ಎತ್ತುವ ಕ್ರೇನ್ ಬಂದರೆ ಹತ್ತಿಸಲು ಒಪ್ಪಬೇಡಿ; ನೆಲದ ಮೇಲೆ ಉರುಳುವ ಹಿಂದಿನ ಗಾಲಿಗಳು ಕ್ಲಚ್ಚನ್ನು ಸುಟ್ಟುಬಿಡುತ್ತವೆ. ವಿಮೆಯ ಟೋಯಿಂಗ್ ನಂಬರನ್ನು ಮನೆಯವರ ಫೋನಿನಲ್ಲೂ ಹಾಕಿಡಿ.